ಎರಡು ಊರುಗೋಲು, ಒಂದು ರೊಟ್ಟಿ ಕಲ್ಲು

ನನ್ನ ನೆಗೆಣ್ಣಿಯ ಪಾದಗಳು ಅಗಲ. ಬೆರಳುಗಳು ಒಂದಕ್ಕೊಂದು ತಾಕದೆ ಬಿಡಿಬಿಡಿಯಾಗಿ ನೆಲ ಹಿಡಿಯುತ್ತವೆ. ಹಿಮ್ಮಡಿ ಬೇಸಿಗೆಯಲ್ಲೂ ಮಳೆಗಾಲದಲ್ಲೂ ಒಡೆದೇ ಇರುತ್ತದೆ. ಹೆಬ್ಬೆರಳಿಗಿಂತ ಅದರ ಪಕ್ಕದ ಬೆರಳು ಅರ್ಧ ಗೆಣ್ಣು ಉದ್ದ. ಅಂಥ ಕಾಲಿನವಳು ಹೊಕ್ಕ ಮನೆಯಲ್ಲಿ ಅವಳದೇ ದರ್ಬಾರು ಎಂದು ನಮ್ಮ ಕಡೆ ಹೇಳುತ್ತಾರೆ. ನನ್ನ ಮೈದುನನಿಗೆ ಹೆಣ್ಣು ನೋಡಲು ಬಿಳಿಚೋಡಿಗೆ ಹೋಗಿದ್ದಾಗ ಎಲ್ಲರೂ ಅವಳ ಮುಖ ನೋಡಿದರು. ನಾನು ನೋಡಿದ್ದು ಆ ಬೆರಳನ್ನು. ನನ್ನ ಹೊಟ್ಟೆಯೊಳಗೆ ಕಿಡಿ ಬಿದ್ದದ್ದು ಅವತ್ತೇ.

ನ್ಯಾಮತಿಯ ಈ ಮನೆಗೆ ನಾನು ಹಿರಿಸೊಸೆಯಾಗಿ ಬಂದು ಆಗ ಏಳು ವರ್ಷವಾಗಿತ್ತು. ಅಷ್ಟರಲ್ಲಿ ಇಡೀ ಓಣಿಯಲ್ಲಿ ನನ್ನ ಜೋಳದ ರೊಟ್ಟಿಗೆ ಒಂದು ಹೆಸರಿತ್ತು. ಅಂಚು ಬಿರಿಯುವುದಿಲ್ಲ, ಹೆಂಚಿನ ಮೇಲೆ ಬೆಲೂನಿನಂತೆ ಉಬ್ಬುತ್ತದೆ. ಬೇರೆ ಅಡುಗೆಗೆಲ್ಲ ಗ್ಯಾಸ್ ಇದ್ದರೂ ರೊಟ್ಟಿಗೆ ಮಾತ್ರ ಅಡುಗೆಮನೆಯ ಮೂಲೆಯ ಸೌದೆ ಒಲೆಯೇ ಆಗಬೇಕು. ಅದರ ಮುಂದೆ ಮಣೆ, ಮಣೆಯ ಮುಂದೆ ರೊಟ್ಟಿ ಬಡಿಯುವ ಕಲ್ಲು. ಆ ಮಣೆ ನನ್ನದು. ಬೇರೇನು ಬೇಕಾದರೂ ಕೊಟ್ಟೇನು, ಅದನ್ನು ಮಾತ್ರ ಬಿಟ್ಟುಕೊಡುವವಳಲ್ಲ ನಾನು.

ಅವಳು ಬಂದ ಮೊದಲ ವಾರವೇ ಒಲೆಯ ಎದುರು ಕುಕ್ಕರಗಾಲಲ್ಲಿ ಕುಳಿತು ಕೇಳಿದ್ದಳು.

“ಒಂದೆರಡು ನಾನು ಬಡೀಲೇನ್ರಿ ಅಕ್ಕ?”

“ಬ್ಯಾಡ. ನಿಮ್ಮ ಕಡೆ ರೊಟ್ಟಿ ದಪ್ಪ” ಎಂದೆ.

ಅವರ ಕಡೆ ರೊಟ್ಟಿಯನ್ನು ನಾನು ತಿಂದೇ ಇರಲಿಲ್ಲ. ಹೆಣ್ಣು ನೋಡಲು ಹೋದಾಗ ಕೊಟ್ಟಿದ್ದು ಉಪ್ಪಿಟ್ಟು. ಅವಳು ಮಾತ್ರ “ಆತೇಳ್ರಿ ಅಕ್ಕ” ಎಂದು ಎದ್ದು ಪಾತ್ರೆ ತೊಳೆಯಲು ಹೋದಳು. ಏನೇ ಹೇಳಿದರೂ ಅವಳ ಬಾಯಲ್ಲಿ ಬರುವ ಮಾತು ಅದೊಂದೇ. ಬೈದರೂ ಆತೇಳ್ರಿ, ಹೊಗಳಿದರೂ ಆತೇಳ್ರಿ. ಎಂಟು ವರ್ಷ ನೀರು ಹೊತ್ತಳು, ಬಟ್ಟೆ ಒಗೆದಳು, ಪಲ್ಯ ಮಾಡಿದಳು. ನಾನು ರೊಟ್ಟಿ ಬಡಿಯುವಾಗ ಎಸರು ಕಾಯಿಸಿಕೊಟ್ಟು ಎದುರಿಗೆ ಕುಳಿತು ಸುಮ್ಮನೆ ನನ್ನ ಕೈ ನೋಡುತ್ತಿದ್ದಳು. ಆ ಎಂಟು ವರ್ಷದಲ್ಲಿ ಒಂದೇ ಒಂದು ದಿನ ನನ್ನ ರೊಟ್ಟಿ ಎಲ್ಲವೂ ಬಿರಿದು ಚೂರಾದವು. ನಾನು ನೇರ ಹಿಟ್ಟಿನ ಗಿರಣಿಗೆ ಹೋಗಿ ಗಿರಣಿಯವನಿಗೆ ಮುಖಮೂತಿ ನೋಡದೆ ಬೈದು ಬಂದಿದ್ದೆ.

ಆಮೇಲೆ ನನ್ನ ಕಾಲು ಮುರಿಯಿತು. ಶಿವಮೊಗ್ಗದಿಂದ ನಮ್ಮ ಯಜಮಾನರ ಬೈಕಿನಲ್ಲಿ ವಾಪಸಾಗುವಾಗ ಸವಳಂಗದ ಹತ್ತಿರ ಒಂದು ಹಂಪ್ಸ್ ಬಂತು. ಅವರು ಅದನ್ನು ನೋಡಲಿಲ್ಲ, ನಾನು ಅವರನ್ನು ಹಿಡಿದುಕೊಂಡಿರಲಿಲ್ಲ. ಮೊಣಕಾಲಿನ ಕೆಳಗಿನ ಎಲುಬು ಎರಡು ತುಂಡು. ಆಪರೇಷನ್ ಮಾಡಿ ಪ್ಲೇಟು, ಸ್ಕ್ರೂ ಹಾಕಿದರು. ಮೂರು ತಿಂಗಳು ಆ ಕಾಲಿನ ಮೇಲೆ ಭಾರ ಹಾಕುವಂತಿಲ್ಲ, ನೆಲದ ಮೇಲೆ ಕೂರುವಂತಿಲ್ಲ ಎಂದು ಡಾಕ್ಟರು ಎರಡೆರಡು ಸಲ ಹೇಳಿ, ಕಂಕುಳಿಗೆ ಎರಡು ಊರುಗೋಲು ಕೊಟ್ಟು ಕಳಿಸಿದರು.

ಊರುಗೋಲು ಹಿಡಿದವಳಿಗೆ ಕಾಲಷ್ಟೇ ಅಲ್ಲ, ಕೈಯೂ ಹೋಗುತ್ತದೆ. ಇದು ನನಗೆ ಮೊದಲು ಗೊತ್ತಿರಲಿಲ್ಲ. ಅಡುಗೆಮನೆಯವರೆಗೆ ಹೇಗೋ ಹೋಗಬಹುದು, ಅಲ್ಲಿಂದ ಒಂದು ಲೋಟ ನೀರು ತರಲಾಗದು. ಬಾಗಿಲು ತೆಗೆಯಬೇಕಾದರೆ ಒಂದು ಕೋಲು ಗೋಡೆಗೆ ಒರಗಿಸಬೇಕು. ಅದು ಜಾರಿ ಬೀಳುತ್ತದೆ, ಬಗ್ಗಿ ಎತ್ತಿಕೊಳ್ಳಲು ಬರುವುದಿಲ್ಲ. ಸೀರೆಯ ನೆರಿಗೆ ಕೋಲಿನ ತುದಿಗೆ ಸಿಕ್ಕುತ್ತಿತ್ತೆಂದು ನಲವತ್ತರ ವಯಸ್ಸಿನಲ್ಲಿ ಬಂದವರ ಮುಂದೆಲ್ಲ ನೈಟಿಯಲ್ಲಿ ಓಡಾಡಬೇಕಾಯಿತು. ಎರಡೇ ದಿನಕ್ಕೆ ಕಂಕುಳು ಕೆಂಪಗೆ ಸುಲಿದುಹೋಯಿತು. ಹದಿನೈದು ವರ್ಷ ದಾಟಿದ ಹೊಸ್ತಿಲು ಈಗ ಗುಡ್ಡದಷ್ಟು ಎತ್ತರ ಕಾಣುತ್ತಿತ್ತು. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ನಾನು ಹೊಸ್ತಿಲು ಕೂರಿಸಿದ ಬಡಗಿಯನ್ನೇ ಬೈಯುತ್ತಿದ್ದೆ.

ನೆಗೆಣ್ಣಿ ಮಾತಾಡದೆ ತನ್ನ ತವರಿನಿಂದ ತಂದ ಹಳೆಯ ಕಂಬಳಿಯನ್ನು ಹರಿದು ಊರುಗೋಲಿನ ತಲೆಗೆ ಸುತ್ತಿ ಹೊಲಿದಳು. ಹಳೇ ಲಂಗದ ಬಟ್ಟೆಯಲ್ಲಿ ಕುತ್ತಿಗೆಗೆ ಹಾಕಿಕೊಳ್ಳುವ ಚೀಲ ಮಾಡಿಕೊಟ್ಟಳು. ಫೋನು, ನೀರಿನ ಬಾಟಲಿ, ಮಾತ್ರೆ ಎಲ್ಲ ಅದರೊಳಗೆ. ದಿನಾ ಬೆಳಿಗ್ಗೆ ನನ್ನ ಎದುರು ನಿಂತು, ಹಿಂದಕ್ಕೆ ಹಿಂದಕ್ಕೆ ಹೆಜ್ಜೆ ಇಡುತ್ತಾ ನನ್ನನ್ನು ನಡೆಸುತ್ತಿದ್ದಳು.

“ಮೊದ್ಲು ಕೋಲು, ಆಮ್ಯಾಲೆ ಕಾಲು. ನೆಲ ನೋಡಬ್ಯಾಡ್ರಿ ಅಕ್ಕ, ನನ್ನ ಮಖ ನೋಡ್ರಿ.”

ನಾನು ನೋಡುತ್ತಿದ್ದುದು ಅವಳ ಪಾದಗಳನ್ನು. ಹಿಂದೆ ಕಣ್ಣಿಲ್ಲದಿದ್ದರೂ ಹೊಸ್ತಿಲು ಎಲ್ಲಿದೆ, ಮೆಟ್ಟಿಲು ಎಲ್ಲಿದೆ ಎಂದು ಆ ಪಾದಗಳಿಗೆ ಗೊತ್ತಿತ್ತು. ನನ್ನ ಮನೆಯಲ್ಲಿ ನನ್ನ ಕಣ್ಣೆದುರೇ ಅವು ಧಪ ಧಪ ಎಂದು ಓಡಾಡುತ್ತಿದ್ದವು. ಇಷ್ಟೆಲ್ಲ ಸೇವೆ ಮಾಡುವವಳನ್ನು ಕಂಡು ಕರುಳು ಚುರ್ ಎನ್ನಬೇಕಿತ್ತು. ನನಗೆ ಉರಿಯುತ್ತಿತ್ತು.

ಆಸ್ಪತ್ರೆಯಿಂದ ಬಂದ ದಿನ ಸಂಜೆಯೇ ಅಡುಗೆಮನೆಯಿಂದ ರೊಟ್ಟಿ ಬಡಿಯುವ ಸದ್ದು ಕೇಳಿಸಿತು. ನನ್ನ ಕೈ ಚುರುಕು, ಪಟಪಟ ಎನ್ನುತ್ತದೆ. ಅವಳದು ನಿಧಾನ, ಮಗುವಿನ ಬೆನ್ನು ತಟ್ಟಿದ ಹಾಗೆ. ನಡುಮನೆಯ ಮಂಚದ ಮೇಲೆ ಕಾಲು ಚಾಚಿಕೊಂಡು ನಾನು ಒಂದೊಂದು ಏಟನ್ನೂ ಕೇಳಿಸಿಕೊಂಡೆ. ಅತ್ತೆಗೆ ಹಲ್ಲಿರಲಿಲ್ಲ, ದಿನಾ ನನ್ನ ರೊಟ್ಟಿಯನ್ನು ಸಾರಿನಲ್ಲಿ ನೆನೆಸಿಕೊಂಡು ತಿನ್ನುತ್ತಿದ್ದವರು ಅವತ್ತು ಹಾಗೇ ಮುರಿದು ಬಾಯಿಗಿಟ್ಟುಕೊಂಡರು.

“ಏನ್ ಮೆತ್ತಗೈತೆ ಕಣವ್ವ! ಇಷ್ಟು ದಿನ ಎಲ್ಲಿಟ್ಟಿದ್ದೆ ಈ ಕೈನ?”

ಹದಿನೈದು ವರ್ಷದಲ್ಲಿ ಅತ್ತೆ ನನಗೆ ಅಂಥ ಮಾತು ಆಡಿರಲಿಲ್ಲ. ಮೂರು ರೊಟ್ಟಿಗೆ ಕೈ ತೊಳೆಯುವ ನಮ್ಮ ಯಜಮಾನರು ನಾಲ್ಕನೆಯದಕ್ಕೆ ತಟ್ಟೆ ಮುಂದೆ ಮಾಡಿದರು. ನನಗೆ ತಡೆಯಲಾಗಲಿಲ್ಲ. “ಉಪ್ಪು ಜಾಸ್ತಿ ಆಗೈತೆ” ಎಂದೆ. ನಮ್ಮ ಮನೆಯಲ್ಲಿ ರೊಟ್ಟಿಗೆ ಉಪ್ಪು ಹಾಕುವ ರೂಢಿಯೇ ಇಲ್ಲ. ಎಲ್ಲರೂ ನನ್ನ ಮುಖ ನೋಡಿದರು. ಅವಳು ಮಾತ್ರ ನಗದೆ, “ಆತೇಳ್ರಿ ಅಕ್ಕ, ನಾಳೆ ಕಮ್ಮಿ ಮಾಡ್ತೀನಿ” ಎಂದಳು.

ಇಷ್ಟಾದರೂ ಹೇಗೋ ಸಹಿಸಿಕೊಳ್ಳುತ್ತಿದ್ದೆನೇನೋ. ಅಷ್ಟರಲ್ಲಿ ಶ್ರಾವಣ ಬಂತು. ನಾಗರಪಂಚಮಿಯ ಹಿಂದಿನ ದಿನ ನಮ್ಮಲ್ಲಿ ರೊಟ್ಟಿ ಹಬ್ಬ. ನಾಲ್ಕೈದು ದಿನ ಮುಂಚೆಯೇ ಎಳ್ಳು ಹಚ್ಚಿದ ಜೋಳದ ರೊಟ್ಟಿ, ಸಜ್ಜೆ ರೊಟ್ಟಿ ಬಡಿದು ಖಡಕ್ಕಾಗಿ ಒಣಗಿಸಿ, ಹಬ್ಬದ ದಿನ ಪಲ್ಯ, ಚಟ್ನಿಪುಡಿ ಇಟ್ಟು ಓಣಿಯ ಮನೆಮನೆಗೂ ಬೀರುತ್ತೇವೆ. ಅವರೂ ನಮಗೆ ಕೊಡುತ್ತಾರೆ. ಯಾವ ಮನೆಯ ರೊಟ್ಟಿ ಹೇಗಿದೆ ಎಂದು ಮುಂದಿನ ಶ್ರಾವಣದವರೆಗೂ ಹೆಂಗಸರ ಬಾಯಲ್ಲಿರುತ್ತದೆ. ಈ ವರ್ಷ ಓಣಿಯ ಬಾಯಿಗೆ ಬೀಳುವುದು ಅವಳ ಕೈ ರೊಟ್ಟಿ. ಒಂದು ಸಲ ಅದರ ರುಚಿ ಹತ್ತಿದರೆ ನನ್ನ ರೊಟ್ಟಿಯನ್ನು ಮತ್ತೆ ಯಾರು ಕೇಳುತ್ತಾರೆ? ನನಗೆ ನಿದ್ದೆ ಹತ್ತಲಿಲ್ಲ. ಡಾಕ್ಟರು ಹೇಳಿದ ಮೂರು ತಿಂಗಳಲ್ಲಿ ಆಗಿದ್ದುದು ಒಂದೂವರೆ.

ಹಬ್ಬಕ್ಕೆ ಐದು ದಿನ ಇತ್ತು. ಮಧ್ಯಾಹ್ನ ಅತ್ತೆ ಮಲಗಿದ್ದರು, ಅವಳು ಜೋಳದ ಡಬ್ಬಿ ಹೊತ್ತು ಗಿರಣಿಗೆ ಹೋಗಿದ್ದಳು. ನಾನು ಊರುಗೋಲು ಊರುತ್ತಾ ಅಡುಗೆಮನೆಗೆ ಹೋದೆ. ಎರಡನ್ನೂ ಗೋಡೆಗೆ ಒರಗಿಸಿ, ಒಲೆಕಟ್ಟೆ ಹಿಡಿದು ಹೇಗೋ ಮಣೆಯ ಮೇಲೆ ಕುಳಿತೆ. ಒಲೆ ಹಚ್ಚಿ ಎಸರಿಟ್ಟು ಹಿಟ್ಟು ನಾದಿದೆ. ಒಂದು ರೊಟ್ಟಿ ಬಡಿದು ಬೇಯಿಸಿದೆ. ಇನ್ನೊಂದು ಮಾಡಿದೆ. ಎಷ್ಟು ದಿನದ ಮೇಲೆ ಕೈಗೆ ಹಿಟ್ಟು ಹತ್ತಿತ್ತೆಂದರೆ, ಕಾಲಿದೆ ಎಂಬುದೇ ಮರೆತಿತ್ತು.

ಬೀದಿ ಬಾಗಿಲು ಕಿರ್ ಎಂದಿತು. ಗಾಬರಿಯಾಗಿ ಏಳಲು ಹೋದೆ. ಕೈಗೆ ಸಿಗಬೇಕಿದ್ದ ಊರುಗೋಲು ಜಾರಿ ಆಚೆ ಬಿತ್ತು. ಭಾರವೆಲ್ಲ ಮುರಿದ ಕಾಲಿನ ಮೇಲೆ ಬಂತು. ಒಳಗೆ ಏನೋ ಕಟಕ್ ಎಂದದ್ದು ನನಗೇ ಕೇಳಿಸಿತು.

ಅವಳು ಬಂದು ಬಾಗಿಲಲ್ಲಿ ನಿಂತಳು. ತಲೆಯ ಮೇಲೆ ಹಿಟ್ಟಿನ ಡಬ್ಬಿ. ನೆಲದ ಮೇಲೆ ನಾನು, ಒಲೆಯಲ್ಲಿ ಉರಿ, ಮೊರದಲ್ಲಿ ಎರಡು ರೊಟ್ಟಿ. ಒಂದು ಗಳಿಗೆ ನೋಡಿದಳು. ಡಬ್ಬಿ ಇಳಿಸಿದಳು. ಚೊಂಬಿನಲ್ಲಿ ನೀರು ತಂದು ಮೊದಲು ನನ್ನ ಕೈ ತೊಳೆದಳು. ಉಗುರಿನ ಸಂದಿಯ ಹಿಟ್ಟನ್ನೂ ಬಿಡದೆ ಉಜ್ಜಿ ತೊಳೆದು ಸೆರಗಿನಿಂದ ಒರೆಸಿದಳು. ಕಲ್ಲು ಒರೆಸಿದಳು, ಒಲೆ ಆರಿಸಿದಳು, ಎರಡು ರೊಟ್ಟಿ ಮುಚ್ಚಿಟ್ಟಳು. ಚೊಂಬಿನಲ್ಲಿ ಉಳಿದ ನೀರನ್ನು ಒಲೆಯ ಮುಂದೆ ನೆಲಕ್ಕೆ ಚೆಲ್ಲಿದಳು. ಆಮೇಲೆ ಗಂಟಲು ಹರಿಯುವ ಹಾಗೆ ಕೂಗಿದಳು.

“ಅತ್ತೇ, ಬರ್ರಿ! ನಾನು ನೀರು ಚೆಲ್ಲಿ ಹಂಗೇ ಬಿಟ್ಟು ಗಿರಣಿಗೆ ಹೋಗಿದ್ದೆ. ಅಕ್ಕ ನೀರು ಕುಡಿಯಾಕೆ ಬಂದು ಜಾರಿ ಬಿದ್ದಾರೆ!”

ಅವಳಿಗೆ ಬಿದ್ದ ಬೈಗುಳ ಒಂದೆರಡಲ್ಲ. ಅತ್ತೆ ಅವಳ ತವರಿನ ಏಳು ತಲೆಮಾರನ್ನೂ ಎಳೆದು ತಂದರು. ನನ್ನ ಯಜಮಾನರು ಅವಳೊಂದಿಗೆ ಮಾತು ಬಿಟ್ಟರು. ಅವಳ ಗಂಡ, ನನ್ನ ಮೈದುನ, ಓಣಿಗೆಲ್ಲ ಕೇಳುವಂತೆ “ನೆಲ ಒರೆಸಾಕೂ ಬರಲ್ಲೇನೇ ನಿಂಗೆ?” ಎಂದ. ನಾನು ಬಾಯಿ ಬಿಡಲಿಲ್ಲ. ನೋವಿತ್ತು, ನಿಜ. ಆದರೆ ನೋವಿಗಾಗಿ ಸುಮ್ಮನಿದ್ದೆ ಎಂದರೆ ಸುಳ್ಳಾಗುತ್ತದೆ. ಅತ್ತೆ ಅವಳನ್ನು ಬೈಯುವಾಗ ನನ್ನೊಳಗೆ ಎಲ್ಲೋ ತಣ್ಣಗಾಗುತ್ತಿತ್ತು.

ಪ್ಲೇಟು ಬಗ್ಗಿತ್ತು. ಮತ್ತೆ ಶಿವಮೊಗ್ಗ, ಮತ್ತೆ ಆಪರೇಷನ್, ಮತ್ತೆ ಮೊದಲಿನಿಂದ ಮೂರು ತಿಂಗಳು. ರೊಟ್ಟಿ ಹಬ್ಬದ ದಿನ ನಾನು ಆಸ್ಪತ್ರೆಯ ಮಂಚದ ಮೇಲಿದ್ದೆ. ಮಧ್ಯಾಹ್ನದ ಬಸ್ಸಿಗೆ ಅವಳು ಬಂದಳು, ಬಟ್ಟೆಯಲ್ಲಿ ರೊಟ್ಟಿ ಕಟ್ಟಿಕೊಂಡು. ನನ್ನ ಜೊತೆಗಿದ್ದ ಯಜಮಾನರು ಅವಳನ್ನು ಕಂಡು ಚಹಾ ಕುಡಿಯುವ ನೆಪದಲ್ಲಿ ಎದ್ದು ಹೋದರು. ಇಬ್ಬರೇ ಉಳಿದೆವು.

“ಯಾಕೆ ಸುಳ್ಳು ಹೇಳಿದೆ?” ಎಂದೆ.

“ಮತ್ತೇನು ಹೇಳಬೇಕಿತ್ರಿ? ಅಕ್ಕ ನನ್ನ ಮ್ಯಾಲಿನ ಹೊಟ್ಟೆಕಿಚ್ಚಿಗೆ ಕಾಲು ಮುರ್ಕಂಡ್ರು ಅಂತ ಹೇಳ್ಲಾ?”

ಅವಳು ರೊಟ್ಟಿಯ ಗಂಟು ಬಿಚ್ಚುತ್ತಾ, ಹವಾಮಾನದ ಸುದ್ದಿ ಹೇಳುವವಳಂತೆ ಹೇಳಿದಳು.

“ಉಪ್ಪಿಲ್ಲದ ರೊಟ್ಟಿ ಉಪ್ಪಾಗೈತೆ ಅಂದಾಗ್ಲೇ ಗೊತ್ತಾತು. ಎಂಟು ವರ್ಷ ನಾನು ಆ ಕಲ್ಲಿನ ಎದುರಿಗೆ ಕುಂತು ನಿಮ್ಮ ಕೈ ನೋಡೀನಿ ಅಕ್ಕ. ನಂಗೇನು ಉರೀಲಿಲ್ಲ ಅಂದ್ಕಂಡ್ರಾ? ಒಂದಿನ ತಡಿಯಾಕಾಗದೆ ನಿಮ್ಮ ಎಸರಿಗೆ ತಣ್ಣೀರು ಸುರಿದುಬಿಟ್ಟೆ. ರೊಟ್ಟಿ ಎಲ್ಲಾ ಬಿರಿದ್ವು. ನೀವು ಹೋಗಿ ಪಾಪ ಆ ಗಿರಣಿಯವ್ನಿಗೆ ಬೈದು ಬಂದ್ರಿ. ಉರಿ ಹೆಂಗಿರ್ತೈತೆ ಅಂತ ನಂಗೆ ಯಾರೂ ಹೇಳಿಕೊಡಬೇಕಾಗಿಲ್ಲ.”

ನಗು ಬಂತೋ ಅಳು ಬಂತೋ ತಿಳಿಯಲಿಲ್ಲ. “ನಾನು ಮಾಡಿದ ಆ ಎರಡು ರೊಟ್ಟಿ ಏನಾದವು?” ಎಂದು ಕೇಳಿದೆ.

“ಅವತ್ತು ರಾತ್ರಿ ಅತ್ತೆಗೆ ಹಾಕಿದೆ. ಇವತ್ಯಾಕೆ ಗಟ್ಟಿ ಅದಾವೆ ಅಂದ್ರು” ಎಂದು ಸೆರಗು ಬಾಯಿಗಿಟ್ಟುಕೊಂಡು ನಕ್ಕಳು.

ಅವಳು ತಂದ ರೊಟ್ಟಿಯನ್ನು ಅವತ್ತು ಮೊದಲ ಸಲ ಮನಸ್ಸಿಟ್ಟು ತಿಂದೆ. ಚೆನ್ನಾಗಿತ್ತು. ಸಂಕಟವೆಂದರೆ ಅದೇ.

ಕಾಲು ಕೂಡಿಕೊಂಡಿತು, ಆದರೆ ಮೊದಲಿನಂತೆ ಮಡಚಲು ಬರುವುದಿಲ್ಲ. ನೆಲದ ಮಣೆ ಶಾಶ್ವತವಾಗಿ ಅವಳದಾಯಿತು. ಅವಳು ಬಡಿಯುತ್ತಾಳೆ, ಸೌದೆ ಒಲೆಗೆ ಬಗ್ಗಲಾಗದ ನಾನು ಸ್ಟೂಲಿನ ಮೇಲೆ ಕುಳಿತು ಪಕ್ಕದ ಗ್ಯಾಸಿನ ಮೇಲೆ ಬೇಯಿಸುತ್ತೇನೆ. ಓಣಿಯವರು ಈಗ “ನಿಮ್ಮನೆ ರೊಟ್ಟಿ” ಎನ್ನುತ್ತಾರೆ, ಯಾರ ಕೈಯದೆಂದು ಕೇಳುವುದಿಲ್ಲ. ಅತ್ತೆ ಮಾತ್ರ ಕೊನೆಯವರೆಗೂ ಆ ದಿನವನ್ನು ಬಿಡಲಿಲ್ಲ. ನೆಲ ಒಂದಿಷ್ಟು ಒದ್ದೆ ಕಂಡರೆ ಸಾಕು, “ಒರೆಸೇ ತಾಯಿ, ಇನ್ನೊಬ್ಬರ ಕಾಲು ಮುರಿದೀಯ” ಎನ್ನುತ್ತಿದ್ದರು. ಅವಳು ಆತೇಳ್ರಿ ಎಂದು ಒರೆಸುತ್ತಿದ್ದಳು. ಪ್ರತಿ ಸಲವೂ ಇವತ್ತು ಹೇಳಿಬಿಡುತ್ತೇನೆ ಎಂದುಕೊಳ್ಳುತ್ತಿದ್ದೆ. ಹಾಗೆ ಅಂದುಕೊಳ್ಳುತ್ತಲೇ ಅತ್ತೆ ಹೋಗಿಬಿಟ್ಟರು, ಕಿರಿಸೊಸೆ ಅಜಾಗರೂಕಳು ಎಂಬ ನಂಬಿಕೆಯನ್ನು ಜೊತೆಗೇ ಕಟ್ಟಿಕೊಂಡು.

ಅತ್ತೆಯ ವರ್ಷದ ಪೂಜೆಗೆ ನೆಂಟರೆಲ್ಲ ಸೇರಿದ್ದರು. ಊಟದ ಪಂಕ್ತಿಯಲ್ಲಿ ಯಾರೋ ತಮಾಷೆಗೆ ಅದೇ ಮಾತು ತೆಗೆದರು. “ನೀರು ಹಾಕ್ತಾ ನೆಲಕ್ಕೆ ಚೆಲ್ಲಬ್ಯಾಡವ್ವ, ನಿನ್ನ ಕೈ ಮೊದ್ಲೇ ಹಂಗೆ” ಎಂದು ಅವಳಿಗೆ ಹೇಳಿದರು. ನನಗೆ ಇನ್ನು ತಡೆಯಲಾಗಲಿಲ್ಲ. ಕುರ್ಚಿಯಿಂದ ಎದ್ದು ನಿಂತು ಎಲ್ಲರ ಎದುರು ಹೇಳಿದೆ: ಅವಳು ನೀರು ಚೆಲ್ಲಿರಲಿಲ್ಲ, ನಾನೇ ಕದ್ದು ರೊಟ್ಟಿ ಬಡಿಯಲು ಕೂತು ಬಿದ್ದೆ.

ಅವಳು ನೀರಿನ ಜಗ್ಗು ಹಿಡಿದುಕೊಂಡೇ ನಕ್ಕಳು.

“ನೋಡ್ರಿ ನಮ್ಮಕ್ಕನ್ನ. ಅತ್ತೆ ಹೋದ ಮ್ಯಾಲೆ ನನ್ನ ಮ್ಯಾಲೆ ಪ್ರೀತಿ ಜಾಸ್ತಿ ಆಗೈತೆ, ನನ್ನ ತಪ್ಪನ್ನೂ ತಾನೇ ಹೊತ್ಕಂತಾರೆ. ಚೆಲ್ಲಿದ್ದು ನಾನೇ ಕಣ್ರಿ.”

ಎಲ್ಲರೂ ಅವಳನ್ನೇ ನಂಬಿದರು. “ಎಂಥ ದೊಡ್ಡ ಮನಸ್ಸು ಹಿರಿಸೊಸೆದು” ಎಂದು ನನ್ನನ್ನು ಹೊಗಳಿ ಊಟ ಮುಂದುವರಿಸಿದರು. ಅವಳು ನನ್ನ ಎಲೆಯ ಮುಂದೆ ಬಂದು ಲೋಟಕ್ಕೆ ನೀರು ಹಾಕಿ, ಆ ಅಗಲ ಪಾದಗಳನ್ನು ಊರುತ್ತಾ ಮುಂದಕ್ಕೆ ಹೋದಳು. ಒಂದು ಹನಿ ಹೊರಗೆ ಬೀಳಲಿಲ್ಲ.

ಊರುಗೋಲುಗಳು ಅಟ್ಟದ ಮೇಲಿವೆ, ಕಂಬಳಿ ಸುತ್ತಿದ ಹಾಗೆಯೇ. ಅವನ್ನು ಕಂಡಾಗಲೆಲ್ಲ ಈಗಲೂ ನನಗೆ ಉರಿಯುತ್ತದೆ. ಮೊದಲು ಅವಳ ರೊಟ್ಟಿಗೆ ಉರಿಯುತ್ತಿತ್ತು, ಈಗ ಅವಳ ಮನಸ್ಸಿಗೆ. ಬಾಯಲ್ಲಿ ಹೇಳಿದ್ದನ್ನು ಅವಳು ನಕ್ಕು ಸುಳ್ಳು ಮಾಡಿದಳು. ಬರೆದದ್ದನ್ನು ಹಾಗೆ ಮಾಡಲಾರಳು ಎಂದು ಇದನ್ನು ಬರೆದಿಡುತ್ತಿದ್ದೇನೆ. ನಾನು ಬಿದ್ದಾಗ ಅಡುಗೆಮನೆಯ ನೆಲ ಒಣಗಿತ್ತು.