ಮೈಕಪ್ಪನ ನೂರನೆಯ ಮಾತು

ನನ್ನ ದೊಡ್ಡಪ್ಪನನ್ನು ಬಸ್ ನಿಲ್ದಾಣದಲ್ಲಿ ಎಲ್ಲರೂ ಮೈಕಪ್ಪ ಎಂದೇ ಕರೆಯುತ್ತಿದ್ದರು. ಮೂವತ್ತೊಂದು ವರ್ಷ ಗಾಜಿನ ಗೂಡಿನಂಥ ಕೋಣೆಯಲ್ಲಿ ಕೂತು, ಯಾವ ಬಸ್ಸು ಎಷ್ಟು ಹೊತ್ತಿಗೆ ಯಾವ ಪ್ಲಾಟ್‌ಫಾರಂನಿಂದ ಹೊರಡುತ್ತದೆಂದು ಮೈಕಿನಲ್ಲಿ ಹೇಳುವುದು ಅವರ ಕೆಲಸ. ಒಂದು ಮೇಜು, ಕರಕರ ಎನ್ನುವ ಫ್ಯಾನು, ಕರವಸ್ತ್ರ ಸುತ್ತಿದ ಮೈಕು. ಗೋಡೆಯ ಮೇಲೆ ಹೇಳಬೇಕಾದ ಮಾತುಗಳ ಪಟ್ಟಿ, ಒಂದೊಂದಕ್ಕೂ ಒಂದೊಂದು ನಂಬರು. ಸೇರಿದ ವರ್ಷವೇ ಅವರು ಪಟ್ಟಿಯ ಕಡೆ ನೋಡುವುದನ್ನು ಬಿಟ್ಟಿದ್ದರು. ಮೇಲ್ವಿಚಾರಕರು ಕಿಟಕಿಯಿಂದ ಇಪ್ಪತ್ತೆರಡು ಎಂದರೆ ಸಾಕು, ಮೈಕಿನ ಮೇಲೆ ಬೆರಳಿನಿಂದ ಎರಡು ಸಲ ತಟ್ಟಿ, ಒಂದು ಉಸಿರು ತೆಗೆದುಕೊಂಡು, ಕಳೆದುಹೋದ ಮಗುವಿನ ತಂದೆತಾಯಿ ಕೂಡಲೇ ಕಚೇರಿಗೆ ಬರಬೇಕೆಂದು ಹೇಳುತ್ತಿದ್ದರು. ಆ ದನಿ ಕೇಳಿ ಮಗುವೂ ಅಳು ನಿಲ್ಲಿಸುತ್ತಿತ್ತು ಎಂದು ದೊಡ್ಡಮ್ಮ ಜಂಬ ಕೊಚ್ಚಿಕೊಳ್ಳುತ್ತಿದ್ದಳು.

ಮನೆಯಲ್ಲಿ ಆ ದನಿಯ ಆಟ ನಡೆಯುತ್ತಿರಲಿಲ್ಲ. ದೊಡ್ಡಪ್ಪ ಸುಳ್ಳು ಹೇಳುವಾಗ ಕೊನೆಯ ಅಕ್ಷರ ಕೂದಲೆಳೆಯಷ್ಟು ಮೇಲೇರುತ್ತಿತ್ತಂತೆ. ನಮಗ್ಯಾರಿಗೂ ಅದು ಕೇಳಿಸಿದ್ದಿಲ್ಲ. ದೊಡ್ಡಮ್ಮನಿಗೆ ಕೇಳಿಸುತ್ತಿತ್ತು. ಸಕ್ಕರೆ ಕಾಯಿಲೆ ಅವಳ ಕಣ್ಣನ್ನು ಸ್ವಲ್ಪಸ್ವಲ್ಪವೇ ತಿಂದು, ಐವತ್ತೆಂಟಕ್ಕೆ ಪೂರ್ತಿ ಕತ್ತಲಾದ ಮೇಲಂತೂ ಅವಳ ಕಿವಿಯಿಂದ ಏನೂ ತಪ್ಪಿಸಿಕೊಳ್ಳುತ್ತಿರಲಿಲ್ಲ. ಸಿಗರೇಟು ಸೇದಿಲ್ಲ ಕಣೇ ಎಂದು ಇವರು ಹೇಳಿದರೆ, ಎಷ್ಟು ಸೇದಿದ್ರಿ ಎಂದು ಅವಳು ಕೇಳುತ್ತಿದ್ದಳು.

ನಿವೃತ್ತಿಯಾದ ಮರುವರ್ಷ ಗಂಟಲಲ್ಲಿ ಗಡ್ಡೆ ಕಾಣಿಸಿಕೊಂಡಿತು. ಧ್ವನಿಪೆಟ್ಟಿಗೆಯನ್ನೇ ತೆಗೆಯಬೇಕು, ಬೇರೆ ದಾರಿಯಿಲ್ಲ ಎಂದರು ವೈದ್ಯರು. ಜೀವ ಉಳಿಯುತ್ತದೆ, ಮಾತು ಹೋಗುತ್ತದೆ. ಬರೆದು ತೋರಿಸೋಣವೆಂದರೆ ಓದಬೇಕಾದವಳಿಗೆ ಕಣ್ಣಿಲ್ಲ. ಗಂಡಹೆಂಡಿರ ನಡುವೆ ಇದ್ದದ್ದು ಆ ದನಿ ಒಂದೇ, ಅದಕ್ಕೂ ದಿನ ನಿಗದಿಯಾಗಿತ್ತು.

ಆಗ ಮುಂದೆ ಬಂದವಳು ನಾನು, ಅವರ ತಮ್ಮನ ಮಗಳು. ಕಂಪ್ಯೂಟರು ನನ್ನ ಕಸುಬು. ಅದರ ಜೊತೆಗೆ, ಬೇರೆಬೇರೆ ಊರುಗಳಲ್ಲಿದ್ದ ನಾವು ಏಳು ಮಂದಿ ಸೇರಿ, ಮಾತು ಕಳೆದುಕೊಂಡವರಿಗಾಗಿ ಒಂದು ತಂತ್ರಾಂಶ ಮಾಡಿದ್ದೆವು. ಅಕ್ಷರ ಒತ್ತಿದರೆ ಯಂತ್ರದ ದನಿ ಓದುತ್ತದೆ. ಬೇಕಾದರೆ ನಮ್ಮ ದನಿಯಲ್ಲೇ ಮಾತುಗಳನ್ನು ರೆಕಾರ್ಡ್ ಮಾಡಿಟ್ಟು, ನಂಬರು ಒತ್ತಿ ಕೇಳಿಸಬಹುದು. ಕಾಸು ಕೊಡಬೇಕಿಲ್ಲ, ಒಳಗಿನ ಬರಹವೆಲ್ಲ ಮುಕ್ತ, ಯಾರು ಬೇಕಾದರೂ ತೆರೆದು ನೋಡಿ ತಿದ್ದಬಹುದು. ಬಳಸುವವರು ಯಾರು, ಹೇಗೆ ಬಳಸುತ್ತಾರೆ ಎಂದು ಇಣುಕಿಯೂ ನೋಡುವುದಿಲ್ಲ ಎಂಬುದು ನಮ್ಮ ದೊಡ್ಡ ಹೆಮ್ಮೆ. ಅವರಿಗೆ ಏನು ಬೇಕೆಂಬುದು ಹೇಗೂ ನಮಗೆ ಗೊತ್ತಿತ್ತಲ್ಲ! ಈಗ ನೆನೆದರೆ ನನ್ನ ಕಿವಿಯನ್ನು ನಾನೇ ಹಿಂಡಿಕೊಳ್ಳಬೇಕೆನಿಸುತ್ತದೆ.

ಆಸ್ಪತ್ರೆಗೆ ಸೇರುವ ಮುಂಚೆ ಮೂರು ದಿನ ದೊಡ್ಡಪ್ಪ ಒಳಕೋಣೆಯ ಬಾಗಿಲು ಹಾಕಿಕೊಂಡು ಲ್ಯಾಪ್‌ಟಾಪಿನ ಮುಂದೆ ಕೂತರು. ಹೇಗೆ ಒತ್ತಬೇಕೆಂದು ತೋರಿಸಿ ನಾನು ಎದ್ದುಬಂದೆ. ಮನುಷ್ಯ ತನ್ನ ದನಿಯನ್ನು ಕಟ್ಟಿಡುವಾಗ ಪಕ್ಕದಲ್ಲಿ ಕೂರುವುದು ಸರಿಯಲ್ಲವೆನಿಸಿತು. ಅವರು ನೂರು ಮಾತು ತುಂಬಿಸಿದರು. ಪ್ರತಿ ಮಾತಿಗೂ ಒಂದು ಹೆಸರು ಬರೆಯುವ ಜಾಗವಿತ್ತು. ಅದನ್ನು ಅವರು ಮುಟ್ಟಲೇ ಇಲ್ಲ. ಮೂವತ್ತೊಂದು ವರ್ಷ ನಂಬರಿನಲ್ಲೇ ಬದುಕಿದವರಿಗೆ ಹೆಸರೇಕೆ? ಆ ಜಾಗ ಖಾಲಿ ಉಳಿದದ್ದು ಆಗ ನನಗೆ ತಿಳಿಯಲಿಲ್ಲ, ನಾನು ನೋಡಲೂ ಇಲ್ಲ.

ಕೊನೆಯ ದಿನ ಹೊರಗೆ ಬಂದು ದೊಡ್ಡಮ್ಮನ ಪಕ್ಕ ಕೂತರು. ಗಂಟಲು ಆಗಲೇ ಒಡೆದಿತ್ತು.

"ನೂರು ಅಂತ ಒಂದಿದೆ. ನಾನು ಹೋದ ಮೇಲೆ ಒತ್ತಿಸ್ಕೊಂಡು ಕೇಳು. ಮುಂಚೆ ಕೇಳಿದ್ರೆ ನೋಡು ಮತ್ತೆ."

"ನೀವೆಲ್ಲಿಗೂ ಹೋಗೋದು ಬೇಡ, ನಾನು ಕೇಳೋದೂ ಬೇಡ," ಎಂದಳು ಅವಳು.

ಶಸ್ತ್ರಚಿಕಿತ್ಸೆಯ ನಂತರದ ಎರಡು ವರ್ಷ ಆ ಮನೆ ಮೊದಲಿನಂತೆಯೇ ನಡೆಯಿತು. ಊಟದ ಮೇಜಿನ ಮೇಲೆ ಲ್ಯಾಪ್‌ಟಾಪು, ದೊಡ್ಡಮ್ಮನ ಕುರ್ಚಿಯ ಪಕ್ಕ ಒಂದು ಪುಟ್ಟ ಸ್ಪೀಕರು. ಪ್ರತಿ ಮಾತಿಗೂ ಮುಂಚೆ ಹಳೆಯ ಅಭ್ಯಾಸದಂತೆ ಮೈಕಿಗೆ ಎರಡು ಸಲ ತಟ್ಟಿದ ಸದ್ದು, ಒಂದು ಉಸಿರು. ಒಂದು ಒತ್ತಿದರೆ "ಎದ್ಯೇನೇ?". ಒಂಬತ್ತಕ್ಕೆ "ಉಪ್ಪು ಕಮ್ಮಿ, ಆದ್ರೂ ಚೆನ್ನಾಗಿದೆ". ಮಾತ್ರೆ ತಗೊಂಡೆ ಎಂಬುದನ್ನು ಮಾತ್ರ ಎರಡು ಸಲ ತುಂಬಿಸಿದ್ದರು. ಹದಿನೇಳು ನಿಜ, ಹದಿನೆಂಟು ಸುಳ್ಳು. ಮಾತ್ರೆ ತಪ್ಪಿಸಿದ ದಿನ ಹದಿನೆಂಟನ್ನೇ ಒತ್ತುತ್ತಿದ್ದರು, ದೊಡ್ಡಮ್ಮ ತಕ್ಷಣ ಹಿಡಿದು ಬೈಯುತ್ತಿದ್ದಳು, ಇವರು ಭುಜ ಕುಣಿಸಿ ಸದ್ದಿಲ್ಲದೆ ನಗುತ್ತಿದ್ದರು. ನಾನು ಎರಡನ್ನೂ ಹತ್ತು ಸಲ ಕೇಳಿದೆ. ನನಗೆ ಎರಡೂ ಒಂದೇ.

ಇಂಥ ಮನೆಯನ್ನು ಹಾಳುಮಾಡಿದ್ದು ಎರಡು ಸಾಲು. ಬರೆದವಳು ನಾನು.

ನಮ್ಮ ಗುಂಪಿಗೆ ಆಗ ತಂತ್ರಾಂಶವನ್ನು ಹಗುರ ಮಾಡುವ ಹುಚ್ಚು ಹಿಡಿದಿತ್ತು. ಪರೀಕ್ಷೆ ಮಾಡುವಾಗ ನಾನು ಹಲೋ ಹಲೋ ಎಂದು ರೆಕಾರ್ಡ್ ಮಾಡಿ, ಹೆಸರು ಕೊಡದೆ ಬಿಡುತ್ತಿದ್ದೆ. ಉಳಿದ ಆರು ಜನರದ್ದೂ ಅದೇ ಅಭ್ಯಾಸ. ಹಾಗಾಗಿ ಹೆಸರಿಲ್ಲದ ದನಿಯೆಂದರೆ ಕಸ, ಬೇಕಾದದ್ದಕ್ಕೆ ಯಾರಾದರೂ ಹೆಸರಿಟ್ಟೇ ಇಟ್ಟಿರುತ್ತಾರೆ ಎಂದುಕೊಂಡೆವು. ಹೊಸ ಆವೃತ್ತಿ ಬಂದಾಗ ಅಂಥವನ್ನೆಲ್ಲ ಅಳಿಸಿಬಿಡಲಿ ಎಂದು ಆ ಎರಡು ಸಾಲು ಬರೆದೆ. ನಮ್ಮಲ್ಲಿ ಯಾವುದನ್ನೇ ತೆಗೆಯುವ ಮುನ್ನ ಗುಂಪಿನ ಪುಟದಲ್ಲಿ ಸೂಚನೆ ಹಾಕುತ್ತೇವೆ, ಆಕ್ಷೇಪವಿದ್ದವರು ಮೂವತ್ತು ದಿನದೊಳಗೆ ಬರೆಯಿರಿ ಅಂತ. ಯಾರೂ ಬರೆಯದಿದ್ದರೆ ಎಲ್ಲರೂ ಒಪ್ಪಿದರೆಂದು ಲೆಕ್ಕ. ಮಾತೇ ಬಾರದವರ ತಂತ್ರಾಂಶಕ್ಕೆ ನಾವು ಮಾಡಿಕೊಂಡ ನಿಯಮ ಇದು! ಅಂಥದ್ದೊಂದು ಪುಟವಿದೆಯೆಂದು ದೊಡ್ಡಪ್ಪನಿಗೆ ನಾನೇ ಹೇಳಿರಲಿಲ್ಲ. ಅವರಿಗೆ ತೊಂದರೆಯಾಗದಿರಲಿ ಎಂದು, ಹೊಸ ಆವೃತ್ತಿ ತಾನಾಗಿಯೇ ಬಂದು ಕೂರುವಂತೆ ಮಾಡಿದ್ದವಳೂ ನಾನೇ.

ಒಂದು ಮಧ್ಯಾಹ್ನ ದೊಡ್ಡಮ್ಮನ ಫೋನು ಬಂತು. "ಅವರು ಬೆಳಿಗ್ಗೆಯಿಂದ ಮಾತಾಡ್ತಿಲ್ಲ. ಕೋಪ ಏನೋ, ನೀನಾದ್ರೂ ಕೇಳು."

ಹೋಗಿ ನೋಡಿದರೆ ಪಟ್ಟಿ ಖಾಲಿ. ದೊಡ್ಡಪ್ಪ ಒಂದು, ಒಂಬತ್ತು, ಹದಿನೇಳು ಎಂದು ಒತ್ತುತ್ತಲೇ ಇದ್ದರು. ಕಂಡಕಂಡವರಿಗೆಲ್ಲ ಎಲ್ಲದಕ್ಕೂ ಒಂದು ಪ್ರತಿ ಎತ್ತಿಡಿ ಎಂದು ಉಪದೇಶ ಮಾಡುತ್ತಿದ್ದ ನಾನು ಈ ನೂರು ಮಾತಿಗೆ ಪ್ರತಿ ಎತ್ತಿಟ್ಟಿರಲಿಲ್ಲ. ಅಳಿಸಿದ್ದನ್ನು ಮರಳಿ ತೆಗೆಯುವವರ ಬಳಿ ಲ್ಯಾಪ್‌ಟಾಪು ಹೊತ್ತುಕೊಂಡು ಹೋದೆ, ಆ ಜಾಗದಲ್ಲಿ ಬೇರೆ ಏನೋ ಬಂದು ಕೂತಾಗಿದೆ ಎಂದು ಕೈಚೆಲ್ಲಿದರು. ಗುಂಪಿಗೆ ತಿಳಿಸಿದಾಗ ಆರೂ ಜನ ತುಂಬ ಮರುಗಿ, ನಿನ್ನ ತಪ್ಪಿಲ್ಲ, ಎಲ್ಲ ನಿಯಮದಂತೆಯೇ ನಡೆದಿದೆ ಎಂದು ಬರೆದರು. ಅದನ್ನು ಓದಿ ನನಗೆ ಬಂದ ಕೋಪ ಅವರ ಮೇಲಿನದಲ್ಲ.

ಮಾತುಗಳು ಅಳಿಸಿಹೋಗಿವೆ ಎಂದಷ್ಟೇ ದೊಡ್ಡಮ್ಮನಿಗೆ ಹೇಳಿ, ಯಂತ್ರದ ದನಿಯಲ್ಲಿ ಮಾತಾಡಿಸಿ ನೋಡಿದೆವು. ಸ್ಪಷ್ಟವಾದ ದನಿ, ಅದಕ್ಕಾಗಿ ನಾವು ಒಂದು ವರ್ಷ ಬೆವರು ಸುರಿಸಿದ್ದೆವು. ದೊಡ್ಡಮ್ಮ ಬೆಚ್ಚಿದಳು. ಯಾರೋ ಗಂಡಸು ಮನೆಯೊಳಗೆ ನಿಂತ ಹಾಗಿದೆ, ನಿಲ್ಲಿಸು ಎಂದಳು. ಆಮೇಲೆ ಅವಳು ಊಟಕ್ಕೆ ಕೂರುವಳು, ತಟ್ಟೆ ಹಾಗೇ ಇರುವುದು. ಮೂರು ದಿನ ಹೀಗಾಯಿತು. ನಾಲ್ಕನೆಯ ದಿನ ದೊಡ್ಡಪ್ಪ ನನ್ನನ್ನು ಅಡುಗೆಮನೆಗೆ ಕರೆದು ಸ್ಲೇಟಿನ ಮೇಲೆ ಬರೆದರು: ನೂರು ಮಾತ್ರ ಉಳಿದಿದೆ ಅಂತ ಹೇಳು.

ನಾನು ಆಗದು ಎಂದು ತಲೆಯಾಡಿಸಿದೆ. ಅದರಲ್ಲಿದ್ದದ್ದನ್ನಾದರೂ ಬರೆದುಕೊಡಿ, ಮುಂದೆ ನಾನು ಓದಿ ಹೇಳುತ್ತೇನೆ ಎಂದು ಬೇಡಿಕೊಂಡೆ. ಅವರು ಸ್ಲೇಟು ಒರೆಸಿ, ಅದು ಓದೋ ಮಾತಲ್ಲ ಎಂದು ಬರೆದರು. ಮತ್ತೆ ಒರೆಸಿ, ಮೊದಲಿನ ಸಾಲನ್ನೇ ಇನ್ನೊಮ್ಮೆ ಬರೆದು ಕೆಳಗೆ ಎರಡು ಗೀಟು ಎಳೆದರು.

ನಾನು ಹೋಗಿ ದೊಡ್ಡಮ್ಮನ ಮುಂದೆ ಕೂತು ಹೇಳಿದೆ. ಅವಳ ಮುಖ ನಿಧಾನಕ್ಕೆ ಅರಳಿತು. ಈಗಲೇ ಕೇಳುತ್ತಾಳೇನೋ ಎಂದು ನಾನು ಲ್ಯಾಪ್‌ಟಾಪಿನ ಮುಚ್ಚಳ ಮುಚ್ಚಿದೆ. "ಈಗ ಬೇಡ. ಕೊಟ್ಟ ಮಾತು ಅಂದ್ರೆ ಮಾತು," ಎಂದು ತಟ್ಟೆಯನ್ನು ಹತ್ತಿರ ಎಳೆದುಕೊಂಡಳು.

ಅಲ್ಲಿಂದ ಅವರಿಬ್ಬರೂ ಅಂಗೈ ಹಿಡಿದು ಒತ್ತುತ್ತಾ, ಮೇಜು ತಟ್ಟುತ್ತಾ ಹೇಗೋ ದಿನ ಕಳೆದರು. ಹದಿನಾಲ್ಕು ತಿಂಗಳ ನಂತರ, ಸ್ನಾನ ಮಾಡಿ ಬಂದು ಕುರ್ಚಿಯಲ್ಲಿ ಕೂತ ದೊಡ್ಡಪ್ಪ ಏಳಲಿಲ್ಲ. ತಾನು ಕರೆದರೂ ಮೇಜು ತಟ್ಟುವ ಸದ್ದು ಬರದಿದ್ದಾಗ ದೊಡ್ಡಮ್ಮನಿಗೆ ಗೊತ್ತಾಯಿತಂತೆ.

ಬಂದವರೆಲ್ಲ ಹೊರಟ ಮೇಲೆ ಅವಳು ನನ್ನನ್ನು ಕರೆದಳು. ತಲೆ ಬಾಚಿಕೊಂಡು, ಸೀರೆ ಬದಲಾಯಿಸಿ ಕೂತಿದ್ದಳು. ಸ್ಪೀಕರನ್ನು ತೊಡೆಯ ಮೇಲಿಟ್ಟುಕೊಂಡು ಅದರ ಮೇಲೆ ಕೈಯಿಟ್ಟಳು.

"ನೂರು ಒತ್ತು."

ಹೇಳಿಬಿಡಬೇಕಿತ್ತು. ಒಂದು, ಸೊನ್ನೆ, ಸೊನ್ನೆ ಒತ್ತಿದೆ.

"ಒತ್ತಿದ್ಯಾ?"

"ಒತ್ತಿದೆ."

"ಇನ್ನೂ ತಟ್ಟಿಲ್ಲ," ಎಂದು ಅವಳು ತಲೆ ಬಗ್ಗಿಸಿದಳು. ಕಿವಿಯನ್ನು ಸ್ಪೀಕರಿಗೆ ತಾಗಿಸಿದಳು. "ಉಸಿರು ತಗೊಳ್ತಿರಬೇಕು. ತಾಳು."

ನನಗೆ ತಡೆಯಲಾಗಲಿಲ್ಲ. ಅವಳ ಕಾಲ ಬಳಿ ಕೂತು ಎಲ್ಲವನ್ನೂ ಹೇಳಿದೆ. ಆ ಎರಡು ಸಾಲು, ಮೂವತ್ತು ದಿನ, ಅಡುಗೆಮನೆ, ಸ್ಲೇಟು. ನಾನೇ ಅಳಿಸಿದ್ದು ದೊಡ್ಡಮ್ಮ ಎಂದೆ. ಅವಳು ಅಳಲಿಲ್ಲ, ಬೈಯಲಿಲ್ಲ. ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ.

"ಹಾಗಾದ್ರೆ ಆವತ್ತು ಅವರು ನಂಗೆ ಸುಳ್ಳು ಹೇಳಿದ್ರು," ಎಂದಳು.

"ಹೂಂ."

ಅವಳು ಸ್ಪೀಕರಿನ ಮೇಲೆ ಬೆರಳಾಡಿಸಿದಳು.

"ಅವರ ದನಿಯಲ್ಲಿ ಬಂದಿದ್ರೆ ಹಿಡೀತಿದ್ದೆ. ನಿನ್ನ ಬಾಯಲ್ಲಿ ಬಂತಲ್ಲ, ನಂಗೆ ಗೊತ್ತಾಗ್ಲೇ ಇಲ್ಲ."