ಮಜ್ಜಿಗೆ ಹುಲ್ಲಿನ ಕಷಾಯ ಮತ್ತು ನನ್ನ ಕಿಡ್ನಿ

ಕಾಲುಂಗುರ ಬೆರಳಿಗೆ ಕಚ್ಚಿಕೊಂಡಿತು. ಸೋಪು ಹಚ್ಚಿ ಎಳೆದರೂ ಬರಲಿಲ್ಲ. ಗೌರಿ ಹಬ್ಬದ ಓಡಾಟ ಹೆಚ್ಚಾಯಿತು, ಅದಕ್ಕೇ ಕಾಲು ಊದಿದೆ ಅಂದುಕೊಂಡು ಸುಮ್ಮನಾದೆ. ಆಮೇಲೆ ಮುಖವೂ ಊದಿತು. ಸುಂಕದಕಟ್ಟೆಯ ನಮ್ಮ ಮನೆಯಿಂದ ಆಟೋ ಮಾಡಿಕೊಂಡು ಆಸ್ಪತ್ರೆಗೆ ಹೋದೆವು. ಬ್ಲಡ್ ಟೆಸ್ಟ್, ಯೂರಿನ್ ಟೆಸ್ಟ್, ಸ್ಕ್ಯಾನಿಂಗ್.

ಎರಡೂ ಕಿಡ್ನಿ ಸೋತಿದ್ದವು.

"ಹಳೇ ಶುಗರ್ ಒಳಗೊಳಗೇ ಕೆಲಸ ಮಾಡಿದೆ ಅಮ್ಮ," ಎಂದರು ಡಾಕ್ಟರ್. "ಇನ್ನೂ ಡಯಾಲಿಸಿಸ್ ಹಂತಕ್ಕೆ ಬಂದಿಲ್ಲ. ಮಾತ್ರೆ, ಪಥ್ಯ ಸರಿಯಾಗಿ ಮಾಡಿದ್ರೆ ಮುಂದಕ್ಕೆ ತಳ್ಬಹುದು."

ಡಯಾಲಿಸಿಸ್ ಅಂದರೇನು ಅಂತ ನನಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ನನ್ನ ಅಕ್ಕ ಆ ಮೆಷಿನ್ನಿಗೆ ಕೈ ಕೊಟ್ಟು ಮಲಗುವುದನ್ನು ಪಕ್ಕದಲ್ಲಿ ಕೂತು ನೋಡಿದ್ದೇನೆ. ಒಂದು ದಿನ ಆಸ್ಪತ್ರೆ, ಮಾರನೆಯ ದಿನ ಸುಸ್ತು, ಅದರ ಮಾರನೆಯ ದಿನ ಮತ್ತೆ ಆಸ್ಪತ್ರೆ. ನನಗೆ ಬೇಕಿದ್ದದ್ದು ಒಂದೇ, ಆ ಮೆಷಿನ್ ತಪ್ಪಬೇಕು. ಪಥ್ಯದ ಬಗ್ಗೆ ಡಯಟಿಷಿಯನ್ ಹತ್ತಿರ ಕೇಳಿಕೊಂಡು ಹೋಗಿ ಎಂದಿದ್ದರು. ಅವರ ಬಾಗಿಲ ಮುಂದೆ ಜನವೋ ಜನ. ಉಪ್ಪು ಕಮ್ಮಿ ಮಾಡಿದರಾಯಿತು ಅಂತ ನಾವೇ ತೀರ್ಮಾನ ಮಾಡಿಕೊಂಡು ಮನೆಗೆ ಬಂದುಬಿಟ್ಟೆವು.

ನಮ್ಮ ಯಜಮಾನರು ಫ್ಯಾಕ್ಟರಿಯಿಂದ ರಿಟೈರ್ ಆದವರು. ಮದುವೆಯಾದಾಗಿನಿಂದ ಅಡುಗೆಮನೆಗೆ ಬಂದರೆ ನೀರು ಕುಡಿಯುವುದಕ್ಕೆ ಮಾತ್ರ. ಅಂಥವರು ಮೊಬೈಲ್ ಹಿಡಿದು ನನ್ನ ವೈದ್ಯಕ್ಕೆ ನಿಂತರು. ನಮ್ಮ ಟೆರೇಸಿನ ಕುಂಡದಲ್ಲಿ ಮಜ್ಜಿಗೆ ಹುಲ್ಲು ಪೊದೆಯಾಗಿ ಬೆಳೆದಿತ್ತು. ಈಗ ಎಲ್ಲರೂ ಅದನ್ನು ಲೆಮನ್ ಗ್ರಾಸ್ ಅನ್ನುತ್ತಾರೆ. ನಾನು ನೆಗಡಿ ಬಂದಾಗ ಟೀಗೆ ಎರಡು ಎಸಳು ಕತ್ತರಿಸಿ ಹಾಕುತ್ತಿದ್ದೆ, ಅಷ್ಟೆ.

"ಜಯಾ, ಕೇಳಿಲ್ಲಿ. ಕಬ್ಬಿಣ ಇದೆಯಂತೆ, ಫೋಲೇಟ್ ಇದೆಯಂತೆ, ಮ್ಯಾಂಗನೀಸ್ ಇದೆಯಂತೆ. ಪೊಟ್ಯಾಸಿಯಂ ಅಂತೂ ಭರ್ಜರಿ. ಕೊಬ್ಬು ಇಲ್ಲವೇ ಇಲ್ಲ ಅನ್ನು. ಹಸೀದೇ ಒಳ್ಳೇದಂತೆ ಕಣೇ, ಒಣಗಿಸಬಾರದಂತೆ."

ಮಾರನೆಯ ದಿನವೇ ಶುರು. ಹುಲ್ಲಿನ ಅಂಚು ಕೊಯ್ದು ಅವರ ಬೆರಳೆಲ್ಲ ಗೀರು. ಬುಡ ಜಜ್ಜಿ, ನೀರು ಅರ್ಧಕ್ಕಿಳಿಯುವವರೆಗೆ ಕುದಿಸಿ, ಬೆಳಿಗ್ಗೆ ಸಂಜೆ ಲೋಟ ತಂದು ಮುಂದೆ ಹಿಡಿಯುತ್ತಿದ್ದರು. ಎಳೆಯ ಬಿಳಿ ದಂಟನ್ನು ರುಬ್ಬಿ ಚಟ್ನಿಯನ್ನೂ ಮಾಡಿದರು. ಸಾಲದ್ದಕ್ಕೆ ನನ್ನ ಬಸ್ಸಾರು. ಸೊಪ್ಪು, ಕಾಳು ಬೇಯಿಸಿ, ಆ ನೀರು ಬಸಿದು, ಅದರಲ್ಲೇ ಸಾರು ಮಾಡುವುದು ನಮ್ಮ ಮನೆಯ ಪದ್ಧತಿ. ಸತ್ವವೆಲ್ಲ ನೀರಲ್ಲೇ ಇರುವುದು, ಚೆಲ್ಲಬೇಡಿ ಅಂತ ನಮ್ಮ ಮೇಲಿನ ಮನೆಗೆ ಬಾಡಿಗೆಗೆ ಬಂದ ಹೆಣ್ಣುಮಕ್ಕಳಿಗೆಲ್ಲ ಪಾಠ ಮಾಡಿದವಳು ನಾನು.

ಕಷಾಯ ಘಮ್ಮೆನ್ನುತ್ತಿತ್ತು. ಸುಳ್ಳು ಯಾಕೆ ಹೇಳಲಿ, ಅದನ್ನು ಗಂಡ ತಂದು ಕೊಡುತ್ತಾರಲ್ಲ ಅನ್ನುವ ಹಿಗ್ಗೂ ಇತ್ತು.

ಒಂದು ಬೆಳಿಗ್ಗೆ ಮಂಚದಿಂದ ಇಳಿಯಲು ಹೋದರೆ ಕಾಲು ಮಾತು ಕೇಳಲಿಲ್ಲ. ಎದೆ ಹೊಡೆದುಕೊಂಡಿತು, ತಡೆದು ನಿಂತಿತು, ಮತ್ತೆ ಹೊಡೆದುಕೊಂಡಿತು. ಎಮರ್ಜೆನ್ಸಿಯಲ್ಲಿ ಇಸಿಜಿ ನೋಡಿದ ಡಾಕ್ಟರ್ ಮುಖ ಬದಲಾಯಿತು.

ರಕ್ತದಲ್ಲಿ ಪೊಟ್ಯಾಸಿಯಂ ಹೃದಯ ನಿಲ್ಲಿಸುವಷ್ಟು ಏರಿತ್ತು.

"ಮನೇಲಿ ಏನೇನ್ ತಗೋತಿದ್ರಿ?" ಎಂದು ಕೇಳಿದರು. ಯಜಮಾನರು ಕಷಾಯ, ಚಟ್ನಿ, ಬಸ್ಸಾರು ಎಲ್ಲ ಉತ್ಸಾಹದಲ್ಲೇ ಹೇಳಿದರು. ಒಳ್ಳೆಯದನ್ನೇ ಕೊಟ್ಟಿದ್ದೇವೆ ಅಂತ ಡಾಕ್ಟರ್ ಮೆಚ್ಚುತ್ತಾರೆ ಅಂದುಕೊಂಡಿದ್ದರೋ ಏನೋ, ಪಾಪ.

"ಚೆನ್ನಾಗಿರೋ ಕಿಡ್ನಿಗೆ ಇದೆಲ್ಲ ಒಳ್ಳೇದೇ ಸಾರ್. ಇವರ ಕಿಡ್ನಿಗೆ ಪೊಟ್ಯಾಸಿಯಂ ಹೊರಗೆ ಹಾಕೋ ಶಕ್ತಿ ಇಲ್ಲ. ಆ ಹುಲ್ಲೊಂದರಿಂದಲೇ ಆಯ್ತು ಅಂತ ನಾನು ಹೇಳಲ್ಲ, ಸೊಪ್ಪಿನ ನೀರೂ ಸೇರಿದೆ. ಇಂಜೆಕ್ಷನ್ ಕೊಡ್ತೀವಿ. ಇಳೀಲಿಲ್ಲ ಅಂದ್ರೆ ಡಯಾಲಿಸಿಸ್ ಮಾಡ್ಲೇಬೇಕು."

ಐಸಿಯು. ಒಂದು ಕೈಗೆ ಡ್ರಿಪ್, ಎದೆಗೆಲ್ಲ ವೈರು. ಮಗ್ಗುಲು ಬದಲಾಯಿಸಲೂ ನರ್ಸಿನ ಅಪ್ಪಣೆ ಬೇಕು. ಗಾಜಿನಾಚೆ ಯಜಮಾನರು ನಿಂತೇ ಇದ್ದರು. ಬಾಯಿ ಒಣಗಿ ನಾಲಿಗೆ ಅಂಗುಳಕ್ಕೆ ಅಂಟಿತ್ತು, ಆದರೆ ನೀರು ಕೇಳಲೂ ಭಯ. ನನ್ನ ದೇಹದ ಬಾಗಿಲು ಹಾಕಿ ನನ್ನನ್ನೇ ಒಳಗೆ ಕೂಡಿಹಾಕಿದ ಹಾಗಿತ್ತು. ಸಂಜೆಯ ರಿಪೋರ್ಟಿನಲ್ಲಿ ಸ್ವಲ್ಪ ಇಳಿಯಿತು. ಮಾರನೆಯ ದಿನ ಇನ್ನಷ್ಟು ಇಳಿಯಿತು. ಮೆಷಿನ್ ತಪ್ಪಿತು.

ವಾರ್ಡಿಗೆ ಬಂದ ಮೇಲೆ ಡಯಟಿಷಿಯನ್ ಹುಡುಗಿಯೇ ಹಾಸಿಗೆ ಹತ್ತಿರ ಬಂದಳು.

"ತರಕಾರಿ ಸಣ್ಣಗೆ ಹೆಚ್ಚಿ, ಜಾಸ್ತಿ ನೀರಲ್ಲಿ ಬೇಯಿಸಿ, ಆ ನೀರು ಚೆಲ್ಲಿಬಿಡಿ ಆಂಟಿ."

"ಚೆಲ್ಲೋದಾ?"

"ಹೂಂ ಆಂಟಿ. ಪೊಟ್ಯಾಸಿಯಂ ಆ ನೀರಿಗೇ ಇಳಿಯೋದು."

ಎಲ್ಲ ನೀರಿಗೇ ಇಳಿಯುತ್ತದೆ ಅಂತ ಇಷ್ಟು ವರ್ಷ ನಾನೂ ಹೇಳುತ್ತಿದ್ದೆನಲ್ಲ. ನಗಬೇಕೋ ಅಳಬೇಕೋ ತಿಳಿಯಲಿಲ್ಲ.

ಮನೆಗೆ ಬಂದೆ. ಕುಂಡ ಖಾಲಿಯಾಗಿತ್ತು. ಯಜಮಾನರು ಮತ್ತೆ ಅಡುಗೆಮನೆಯ ಹೊಸ್ತಿಲು ತುಳಿಯಲಿಲ್ಲ, ಆದರೆ ನನ್ನ ಬಾಯಿಯ ಮೇಲಿಂದ ಕಣ್ಣು ತೆಗೆಯಲಿಲ್ಲ. ದಿನದ ನೀರು ಒಂದು ಬಾಟಲಿಯಲ್ಲಿ ಅಳೆದು ಇಡುತ್ತಿದ್ದರು. ಬಾಳೆಹಣ್ಣು ಮುಟ್ಟಿದರೆ "ಬೇಡ ಕಣೇ". ಮೇಲಿನ ಮನೆಯವರು ಪಲ್ಯ ತಂದರೆ ಗೇಟಿನಲ್ಲೇ ವಾಪಸ್. ನಾನು ಇರುವುದು ನನ್ನ ಮನೆಯಲ್ಲೋ, ವಾರ್ಡಿನಲ್ಲೋ ಅನ್ನಿಸತೊಡಗಿತು. ಅನ್ನಪೂರ್ಣೇಶ್ವರಿ ನಗರದಲ್ಲಿ ತಮ್ಮನ ಮನೆ ಗೃಹಪ್ರವೇಶ. ಸೀರೆ ಉಟ್ಟು ರೆಡಿಯಾದೆ.

"ಬೇಡ. ಅಲ್ಲಿ ಯಾರಾದ್ರೂ ಏನಾದ್ರೂ ತಿನ್ನಿಸಿಬಿಡ್ತಾರೆ."

ನನಗೆ ರೇಗಿಹೋಯಿತು.

"ಕಾಯಿಲೆ ಬಂದಿರೋದು ನನಗೆ. ನಿಮಗೆ ಜೈಲು ಕಾಯೋ ಕೆಲಸ ಯಾರ್ರೀ ಕೊಟ್ಟೋರು?"

ಅವರು ಸೋಫಾದ ಮೇಲೆ ಕುಸಿದು ಕೂತರು. "ನನ್ನ ಕೈಯಾರೆ ಕೊಟ್ಟೆ ಕಣೇ," ಎಂದರು. ಅಷ್ಟೇ ಹೇಳಿ ಅತ್ತರು. ಅವರ ತಂದೆ ಹೋದಾಗಲೂ ಅಳದ ಮನುಷ್ಯ. ಇವರು ನನ್ನ ಬಾಯಿಚಪಲಕ್ಕೆ ಹೆದರಿದ್ದಾರೆ ಅಂತ ನಾನು ತಿಳಿದಿದ್ದೆ. ಅವರು ಹೆದರಿದ್ದು ತಮ್ಮ ಕೈಗೆ. ನಾನು ಕಾಯಿಲೆಯೊಳಗೆ ಸಿಕ್ಕಿಕೊಂಡಿದ್ದರೆ ಅವರು ಆ ಒಂದು ಲೋಟದೊಳಗೆ ಸಿಕ್ಕಿಕೊಂಡಿದ್ದರು, ಮತ್ತು ಇಬ್ಬರೂ ಒಂದೇ ಮನೆಯಲ್ಲಿ ಒಬ್ಬರನ್ನೊಬ್ಬರು ಕಾಯುತ್ತ ದಿನ ದೂಡುತ್ತಿದ್ದೆವು.

ಗೃಹಪ್ರವೇಶಕ್ಕೆ ಇಬ್ಬರೂ ಹೋಗಲಿಲ್ಲ.

"ಹಸಿವಾಗ್ತಿದೆ," ಎಂದೆ. "ಏಳಿ, ಬೀನ್ಸ್ ಹೆಚ್ಚಿ."

"ನಾನಾ? ಬೇಡ ಜಯಾ."

"ನೀವೇ."

ಅಡುಗೆಮನೆಯ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಕೂತೆ. ಬೀನ್ಸ್ ಬೆಂದಿತು. ಹಸಿರು ನೀರು ಸಿಂಕಿನಲ್ಲಿ ಇಳಿದುಹೋಗುವಾಗ ಅವರೂ ನೋಡಿದರು, ನಾನೂ ನೋಡಿದೆ. ತಟ್ಟೆ ತಂದವರು ನನ್ನ ಕೈಗೆ ಕೊಡಲಿಲ್ಲ.

"ಮೊದಲು ನಾನು ತಿಂದು ನೋಡ್ಲಾ?"

"ನೀವು ತಿಂದ್ರೆ ನನ್ನ ಕಿಡ್ನಿಗೆ ಹೇಗ್ರೀ ಗೊತ್ತಾಗುತ್ತೆ?"

ನಕ್ಕರು. ಪಲ್ಯ ಸಪ್ಪೆಯೆಂದರೆ ಸಪ್ಪೆ. ಪೂರ್ತಿ ತಿಂದೆ.

ಅಂದಿನಿಂದ ಒಲೆ ಅವರದ್ದು. ಮೊನ್ನೆ ಚೆಕಪ್ಪಿಗೆ ಹೋಗಿದ್ದೆವು. ರಿಪೋರ್ಟ್ ನೋಡಿ ಡಾಕ್ಟರ್, "ಸದ್ಯಕ್ಕೆ ಡಯಾಲಿಸಿಸ್ ಬೇಡಮ್ಮ," ಎಂದರು. ಎಷ್ಟು ದಿನ ಅಂತ ನಾನು ಕೇಳಲಿಲ್ಲ. ಸದ್ಯಕ್ಕೆ ಅನ್ನುವುದೂ ದೊಡ್ಡದೇ.

"ಪಥ್ಯ ಚೆನ್ನಾಗಿ ನಡೀತಿದೆ. ಅಡುಗೆ ಯಾರು ಮಾಡ್ತಿದಾರೆ?"

ಯಜಮಾನರು ತಲೆ ತಗ್ಗಿಸಿದರು.

"ಇವರೇ ಸಾರ್," ಎಂದೆ. "ಬೇರೆಯವರ ಕೈಯಲ್ಲಿ ನಾನು ತಿನ್ನಲ್ಲ."