ಹೀರುವ ಸೂಜಿ, ಕೊರೆಯುವ ಸೂಜಿ

ನಮ್ಮ ದೊಡ್ಡಬಳ್ಳಾಪುರದ ಮಧುರೆ ಕಡೆ ಸೂಜಿ ಅಂದರೆ ಎರಡೇ. ಒಂದು ಬಟ್ಟೆ ಹೊಲಿಯುವುದು, ಇನ್ನೊಂದು ಡಾಕ್ಟರು ಹಾಕುವುದು. ಡಾಕ್ಟರು ಸೂಜಿ ಹಾಕಿದರು ಅಂದರೆ ಔಷಧಿ ಒಳಗೆ ಹೋಯಿತು, ಇನ್ನು ವಾಸಿಯಾಗುತ್ತದೆ, ಮನೆಗೆ ಹೋಗಿ ಉಂಡು ಮಲಗಬಹುದು ಅಂತ ಅರ್ಥ. ಸೂಜಿ ಹಾಕದೆ ಬರೀ ಮಾತ್ರೆ ಬರೆದುಕೊಡುವವನನ್ನು ನಾವು ಡಾಕ್ಟರು ಅಂತಲೇ ಲೆಕ್ಕಕ್ಕೆ ಇಟ್ಟುಕೊಳ್ಳುವುದಿಲ್ಲ. ಹಾಗಾಗಿ ನನ್ನ ಹೊಟ್ಟೆಯೊಳಗಿನ ಗಂಟಿಗೆ ಬೆಂಗಳೂರಿನಲ್ಲಿ ಸೂಜಿ ಹಾಕುತ್ತಾರೆ ಅಂತ ಮಗ ಹೇಳಿದಾಗ ನನಗೆ ಖುಷಿಯೇ ಆಯಿತು. ನನ್ನಷ್ಟು ದಡ್ಡಿ ಆ ಆಸ್ಪತ್ರೆಗೆ ಅವತ್ತು ಇನ್ನೊಬ್ಬಳು ಬಂದಿರಲಿಕ್ಕಿಲ್ಲ.

ಗಂಟಿನ ಸಮಾಚಾರ ಮೊದಲು ಹೇಳಿಬಿಡುತ್ತೇನೆ. ಊಟ ಸೇರುತ್ತಿರಲಿಲ್ಲ. ಎದೆಗುಂಡಿಯ ಕೆಳಗೆ ಹಿಡಿದುಕೊಂಡ ನೋವು ಬೆನ್ನಿಗೆ ಹೋಗುತ್ತಿತ್ತು. ನಾನು ಗ್ಯಾಸು ಅಂದುಕೊಂಡು ಓಮದ ಕಷಾಯ, ಇಂಗಿನ ನೀರು, ಪಕ್ಕದ ಮನೆಯವಳು ಕೊಟ್ಟ ಗುಲಾಬಿ ಬಣ್ಣದ ಔಷಧಿ ಎಲ್ಲ ಕುಡಿದೆ. ನಾನು ಬಡಕಲಾಗಿದ್ದನ್ನು ಮೊದಲು ಕಂಡುಹಿಡಿದವಳು ಸೊಸೆ. ಅಕ್ಕರೆ ಉಕ್ಕಿ ಅಲ್ಲ. ಅವಳು ದೊಡ್ಡಬಳ್ಳಾಪುರದ ಗಾರ್ಮೆಂಟ್ಸಿನಲ್ಲಿ ಟೈಲರು, ಮನುಷ್ಯರ ಮುಖಕ್ಕಿಂತ ಮುಂಚೆ ಹೊಲಿಗೆ ನೋಡುವವಳು.

"ಅತ್ತೆ, ಈ ರವಿಕೆ ಹೋದ ಯುಗಾದಿಗೆ ನಾನೇ ಹೊಲಿದಿದ್ದು. ಈಗ ಇದರೊಳಗೆ ಇನ್ನೊಬ್ರು ಹಿಡೀತಾರೆ," ಅಂದಳು.

"ನೀನೇ ಬಾ, ಇಬ್ರೂ ಹಾಕ್ಕೊಳ್ಳೋಣ," ಅಂದೆ.

ಸ್ಕ್ಯಾನ್ ಮಾಡಿದವರು ಮೇದೋಜೀರಕದ ತಲೆಯ ಹತ್ತಿರ ಗಂಟಿದೆ ಅಂದರು. ಮೇದೋಜೀರಕ! ಜೀವಮಾನವೆಲ್ಲ ಜೀರಿಗೆ ಹುರಿದು ಪುಡಿ ಮಾಡಿದ್ದೇನೆ, ನನ್ನೊಳಗೂ ಒಂದು ಜೀರಕ ಇದೆ ಅಂತ ಯಾರೂ ಹೇಳಿರಲಿಲ್ಲ. ಅದಕ್ಕೆ ತಲೆ, ಮೈ, ಬಾಲ ಬೇರೆ ಇದೆಯಂತೆ. ಗೊತ್ತಿಲ್ಲದೆ ಹೊಟ್ಟೆಯಲ್ಲಿ ಹಲ್ಲಿ ಸಾಕಿಕೊಂಡಿದ್ದ ಹಾಗಾಯಿತು.

ಅವತ್ತಿನಿಂದ ಮನೆಯಲ್ಲಿ ಕ್ಯಾನ್ಸರ್ ಅನ್ನುವುದಕ್ಕೆ 'ಅದು' ಅಂತ ಹೆಸರಾಯಿತು. 'ಅದೇ ಇರಬಹುದಂತೆ,' 'ಅದೊಂದು ಆಗಿರದಿದ್ರೆ ಸಾಕಪ್ಪಾ.' ನಾನು ಅಡುಗೆಮನೆಯಿಂದ ಹೊರಗೆ ಬಂದರೆ ಎಲ್ಲರೂ ಕರೆಂಟ್ ಬಿಲ್ಲಿನ ಮಾತಾಡುತ್ತಿದ್ದರು. ಕರೆಂಟ್ ಬಿಲ್ಲಿಗೆ ಕಣ್ಣೊರೆಸಿಕೊಳ್ಳುವ ಮನೆ ನಮ್ಮದೊಂದೇ ಇರಬೇಕು.

ಬೆಂಗಳೂರಿನ ಆಸ್ಪತ್ರೆಯಲ್ಲಿ ಬೆನ್ನ ಹಿಂದೆ ದಾರ ಕಟ್ಟುವ ಹಸಿರು ಅಂಗಿ ಹಾಕಿಸಿ ಎಡಮಗ್ಗುಲಿಗೆ ಮಲಗಿಸಿದರು. ಗಂಟಲಿಗೆ ಕಹಿಯಾಗಿ ಏನನ್ನೋ ಉಗ್ಗಿ ಜೋಮು ಹಿಡಿಸಿದರು. ಬಾಯಿಗೆ ಪ್ಲಾಸ್ಟಿಕ್ ಬಳೆಯಂಥದ್ದು ಕಚ್ಚಿಸಿದರು. ಅದರೊಳಗಿಂದ ಕರಿ ಪೈಪು ಬಿಡುತ್ತಾರಂತೆ, ಪೈಪಿನ ತುದಿಯಲ್ಲಿ ಕ್ಯಾಮೆರಾ ಒಂದೇ ಅಲ್ಲ, ಸ್ಕ್ಯಾನ್ ಮಿಷನ್ನೂ ಇದೆಯಂತೆ. ಅದು ಜಠರಕ್ಕೆ ಹೋಗಿ, ಜಠರದ ಗೋಡೆಯಾಚೆ ಏನಿದೆ ಅಂತ ನೋಡಿ, ಗೋಡೆ ತೂತು ಮಾಡಿ ಗಂಟಿಗೆ ಸೂಜಿ ಚುಚ್ಚುತ್ತದಂತೆ. ನಮ್ಮ ಪಕ್ಕದ ಮನೆಯವಳು ಗೋಡೆಗೆ ಕಿವಿ ಕೊಟ್ಟು ನಮ್ಮ ಮನೆ ಜಗಳ ಕೇಳುವುದಕ್ಕೆ ಇಷ್ಟೆಲ್ಲ ಖರ್ಚು ಮಾಡುವುದಿಲ್ಲ. ನಿದ್ದೆ ಬರಿಸಿದರು. ಎದ್ದಾಗ ಗಂಟಲು ಕೆರೆದ ಹಾಗಿತ್ತು, ಅಷ್ಟೇ.

ಊರಿಗೆ ಬಂದು ಜಗಲಿಯ ಮೇಲೆ ಕೂತು, ಹೋಗೋರು ಬರೋರಿಗೆಲ್ಲ ಹೇಳಿದೆ. "ಗಂಟಿಗೇ ಸೀದಾ ಸೂಜಿ ಹಾಕಿದ್ರು. ಇನ್ ಕರಗೋಗತ್ತೆ." ನಂಬಿಕೆ ಅನ್ನುವುದು ಎಂಥ ಮೋಸ ನೋಡಿ, ನೋವು ನಿಜಕ್ಕೂ ಕಡಿಮೆಯಾಯಿತು. ಅವರೇಕಾಳು ಸಾರಿನಲ್ಲಿ ಮುದ್ದೆ ಉಂಡೆ. ಸೊಸೆ ಏನೋ ಹೇಳಲು ಬಾಯಿ ತೆರೆದಳು, ಮಗ ಕಣ್ಣು ಮಾಡಿದ. ಅವಳು ಸುಮ್ಮನಾಗಿದ್ದನ್ನು ನೋಡಿದಾಗಲೇ ನನಗೆ ಅನುಮಾನ ಬರಬೇಕಿತ್ತು.

ಸ್ವಲ್ಪ ದಿನಕ್ಕೆ ಮಗ ಬಂದು ಮುಂದೆ ಕೂತ. "ಅಮ್ಮ, ಇನ್ನೊಂದ್ಸಲ ಹೋಗ್ಬೇಕು. ಸರಿಯಾಗಿ ಸಿಕ್ಕಿಲ್ವಂತೆ."

"ಏನ್ ಸಿಕ್ಕಿಲ್ಲ? ಔಷಧಿ ಸಾಲ್ದೆ ಹೋಯ್ತಾ?"

"ಔಷಧಿ ಎಲ್ಲಿ ಹಾಕಿದ್ರು? ಸೂಜೀಲಿ ಗಂಟಿಂದ ಚೂರು ತೆಗೆದಿದ್ರು, ಏನಂತ ನೋಡೋಕೆ."

"ತೆಗೆದ್ರಾ? ಹಾಕ್ಲಿಲ್ವಾ?"

"ಹೂಂ ಅಮ್ಮ."

"ಊರಿಗೆಲ್ಲ ವಾಸಿಯಾಯ್ತು ಅಂತ ಹೇಳ್ಬಿಟ್ಟಿದ್ದೀನಲ್ಲೋ! ಒಂದು ಮಾತು ಹೇಳೋಕೆ ನಿನ್ ಬಾಯಿಗೇನಾಗಿತ್ತು?"

"ನೀನು ಮುದ್ದೆ ಉಣ್ತಿದ್ದೆ, ಅದಕ್ಕೆ ಹೇಳ್ಲಿಲ್ಲ," ಅಂದ. ಹೆತ್ತ ಮಗ. ಅಷ್ಟು ಹೇಳಿ ತಲೆ ತಗ್ಗಿಸಿದ. ಬೈಯಬೇಕು ಅಂತ ಬಾಯಿಗೆ ಬಂದಿದ್ದನ್ನು ನುಂಗಿಕೊಂಡೆ, ಸೊಸೆ ಎದುರಿಗೆ ಇದ್ದಳು.

ಆಸ್ಪತ್ರೆಯಲ್ಲಿ ಆಪರೇಷನ್ ಮಾಡುವ ದೊಡ್ಡ ಡಾಕ್ಟರು ಕೂತಿದ್ದರು. ಸೂಜಿಯಲ್ಲಿ ಬಂದಿದ್ದು ಬಹಳಮಟ್ಟಿಗೆ ರಕ್ತವೇ, ಅದರಲ್ಲಿ ಇದ್ದ ಅಷ್ಟಿಷ್ಟು ಕಣಗಳಲ್ಲಿ ಹೌದು ಅನ್ನುವುದಕ್ಕೂ ಆಗುವುದಿಲ್ಲ, ಅಲ್ಲ ಅನ್ನುವುದಕ್ಕೂ ಆಗುವುದಿಲ್ಲ ಅಂದರು. ಆದರೆ ಸ್ಕ್ಯಾನ್ ನೋಡಿದರೆ ಅದೇ ಅನ್ನಿಸುತ್ತದೆ. ಎರಡು ದಾರಿ ಇದೆ, ಇನ್ನೊಂದು ಸಲ ಚುಚ್ಚಿ ನೋಡಬಹುದು, ಇಲ್ಲವಾದರೆ ತಡಮಾಡದೆ ಆಪರೇಷನ್ ಮಾಡಿ ತೆಗೆದುಬಿಡಬಹುದು.

"ಏನೇನು ತೆಗೀತೀರಾ?" ಅಂದೆ.

ಅವರು ಪಾಪ ಸಮಾಧಾನವಾಗಿಯೇ ಹೇಳಿದರು. ಮೇದೋಜೀರಕದ ತಲೆ, ಸಣ್ಣ ಕರುಳಿನ ಮೊದಲ ಭಾಗ, ಪಿತ್ತಕೋಶ, ಬೇಕಾದರೆ ಜಠರದ ಒಂದಿಷ್ಟು. ಆಮೇಲೆ ಉಳಿದಿದ್ದನ್ನು ಒಂದಕ್ಕೊಂದು ಹೊಲಿದು ಸೇರಿಸುತ್ತಾರೆ.

"ಅಷ್ಟು ತೆಗೆದ ಮೇಲೆ ಸೇರ್ಸೋಕೆ ಏನ್ ಸ್ವಾಮಿ ಉಳಿಯತ್ತೆ?"

ಡಾಕ್ಟರು ನಕ್ಕರು. ಮಗ ನಗಲಿಲ್ಲ. "ಮಾಡ್ಬಿಡಿ ಸರ್," ಅಂದ, ಟೀ ಹೇಳಿದಷ್ಟು ಸಲೀಸಾಗಿ. ಭಯಕ್ಕೆ ಅಂದ, ಅದು ನನಗೂ ಗೊತ್ತು. ಆದರೆ ಭಯ ಅವನದು, ಹೊಟ್ಟೆ ನನ್ನದು. ಕೊನೆಗೆ ಅದು ಅಲ್ಲದೇ ಇದ್ದರೆ? ಸುಮ್ಮನೆ ಕೊಯ್ಸಿಕೊಂಡ ಹೊಟ್ಟೆಯನ್ನು ಯಾರು ವಾಪಸು ಜೋಡಿಸಿ ಕೊಡುತ್ತಾರೆ? ಅದೇ ಆಗಿದ್ದು, ಚುಚ್ಚುತ್ತಾ ಕೂತು ದಿನ ಕಳೆದುಬಿಟ್ಟರೆ? ಎರಡು ಕಡೆಗೂ ಹಳ್ಳವೇ.

ಬಸ್ಸಿನಲ್ಲಿ ಗಂಡ ಹೆಂಡಿರಿಗೆ ಶುರುವಾಯಿತು.

"ಒಂದ್ ಸೂಜಿ ಸರಿ ಹೋಗ್ಲಿಲ್ಲ ಅಂದ್ರೆ ಬೇರೆ ಸೂಜಿ ಇರಲ್ವಾ? ಜೀನ್ಸ್ ಹೊಲಿಯೋ ಸೂಜಿ ಬನಿಯನ್ನಿಗೆ ಹಾಕಿದ್ರೆ ತೂತು ಬೀಳತ್ತೆ. ಹಂಗಂತ ಬನಿಯನ್ ಬಿಸಾಕ್ತೀವಾ?" ಅಂದಳು ಸೊಸೆ.

"ಅಮ್ಮನ್ನ ಬನಿಯನ್ ಮಾಡ್ಬಿಟ್ಟಲ್ಲೇ!"

"ನೀವು ಹೋಲ್‌ಸೇಲಾಗಿ ಕತ್ತರಿ ಹಾಕ್ಸೋಕೆ ಹೊರಟಿದ್ರಿ!"

ಮುಂದಿನ ಸೀಟಿನಲ್ಲಿದ್ದವಳು ತಿರುಗಿ ನನ್ನನ್ನು ಮೇಲಿಂದ ಕೆಳಗಿನವರೆಗೆ ನೋಡಿದಳು. "ಬನಿಯನ್ನು ನಾನೇ ಕಣಮ್ಮ," ಅಂದೆ. ಅವಳು ಯಲಹಂಕದವರೆಗೂ ತಿರುಗಲಿಲ್ಲ. ಬಾಯಿಬಿಟ್ಟು ಒಪ್ಪಲಿಲ್ಲ, ಆದರೆ ಸೊಸೆಯ ಮಾತೇ ನನಗೆ ಸರಿ ಅನ್ನಿಸಿತು. ಅವಳ ಮಾತು ಸರಿ ಅನ್ನಿಸಿದ್ದು ಕಾಯಿಲೆಯ ಲಕ್ಷಣವೇ ಇರಬೇಕು ಅಂದುಕೊಂಡೆ.

ಬೇರೆ ಆಸ್ಪತ್ರೆಗೆ ಹೋದೆವು. ಅಲ್ಲಿ ಪೈಪು ಬಿಡುವ ಡಾಕ್ಟರು ಒಬ್ಬ ಹುಡುಗಿ. ನನ್ನ ಮೊಮ್ಮಗಳಿಗಿಂತ ನಾಲ್ಕು ವರ್ಷ ದೊಡ್ಡವಳೇನೋ. ಹಳೇ ಕಾಗದವನ್ನೆಲ್ಲ ನೋಡಿ, ಕುರ್ಚಿ ಹತ್ತಿರ ಎಳೆದುಕೊಂಡು ಕೂತಳು.

"ಅಜ್ಜಿ, ಎಳನೀರು ಕುಡ್ದಿದ್ದೀರಾ?"

"ಇಲ್ಲಮ್ಮ. ನಮ್ ಕಡೆ ತೆಂಗಿನಮರನೇ ಕಂಡಿಲ್ಲ ನಾವು," ಅಂದೆ.

ಅವಳಿಗೆ ಅರ್ಥವಾಯಿತು, ನಕ್ಕಳು. "ಮೊದಲನೇ ಸಲ ನಿಮಗೆ ಹಾಕಿದ್ದು ಸಣ್ಣ ಸೂಜಿ. ಹಿಂದೆ ಸಿರಿಂಜ್ ಇಟ್ಟು ಹೀರಿದ್ದಾರೆ. ಎಳನೀರಿಗೆ ಸ್ಟ್ರಾ ಹಾಕಿದ ಹಾಗೆ. ನೀರು ಬರತ್ತೆ, ಗಂಜಿ ಬರಲ್ಲ. ನಿಮಗೆ ರಕ್ತ ಬಂತು. ನಾನು ಹಾಕೋ ಸೂಜಿ ತುದೀಲಿ ಕಿರೀಟದ ಥರ ಹಲ್ಲಿದೆ. ಅದು ಕೊರೆದು ಒಂದು ಎಳೆ ಮಾಂಸಾನೇ ಕತ್ತರಿಸ್ಕೊಂಡು ಬರತ್ತೆ. ಗಂಜಿ ಕೆರೆದು ತೆಗೆಯೋ ಹಾಗೆ."

"ಹಂಗಾದ್ರೆ ಮೊದಲನೇದು ದಂಡ ಆಯ್ತು ಅನ್ನು."

"ಹಾಗಲ್ಲ ಅಜ್ಜಿ. ಎಷ್ಟೋ ಜನಕ್ಕೆ ಅದರಲ್ಲೇ ಗೊತ್ತಾಗತ್ತೆ. ಬಿಡಿ ಬಿಡಿ ಕಣ ಸಿಕ್ಕಿದ್ರೂ ಸಾಕಾಗತ್ತೆ. ನಿಮಗೆ ಅದೂ ಸಿಗಲಿಲ್ಲ. ಇಡೀ ಎಳೆ ಸಿಕ್ಕಿದ್ರೆ ಆ ಕಣಗಳು ಯಾವ ಥರ ಜೋಡಿಸಿಕೊಂಡಿವೆ ಅಂತ ಕಾಣತ್ತೆ. ಕೆಲವು ಕಾಯಿಲೆ ಗೊತ್ತಾಗೋದೇ ಹಾಗೆ."

"ನೀನು ಹೀರಲ್ವಾ?"

"ನಾನು ಹೀರಲ್ಲ. ಸೂಜಿ ಒಳಗೆ ಒಂದು ತಂತಿ ಇರತ್ತೆ, ಅದನ್ನ ನಿಧಾನಕ್ಕೆ ಹಿಂದಕ್ಕೆ ಎಳೀತೀನಿ. ಅಷ್ಟು ಸೆಳೆತ ಸಾಕು, ರಕ್ತ ಕಮ್ಮಿ ಬರತ್ತೆ. ಹೀರೋದೇ ಮೇಲು ಅನ್ನೋರೂ ಇದ್ದಾರೆ. ಸೂಜಿ ಒಳಗೆ ಮೊದಲೇ ನೀರು ತುಂಬಿ ಹೀರ್ಬೇಕು ಅನ್ನೋರೂ ಇದ್ದಾರೆ. ನಮ್ಮ ನಮ್ಮಲ್ಲೇ ಈ ಜಗಳ ಮುಗ್ದಿಲ್ಲ."

ನನಗೆ ಆಗ ಆ ಹುಡುಗಿಯ ಮೇಲೆ ನಂಬಿಕೆ ಬಂತು. ಸಾರಿಗೆ ಮೊದಲು ಉಪ್ಪೋ ಹುಳಿಯೋ ಅಂತ ಹೆಂಗಸರು ಹೊಡೆದಾಡುತ್ತೇವೆ ಅಂತ ಗಂಡಸರು ನಗುತ್ತಾರೆ. ಇಲ್ಲಿ ಅಷ್ಟೆಲ್ಲ ಓದಿಕೊಂಡವರು ಹೀರಬೇಕೋ ಎಳೆಯಬೇಕೋ ಅಂತ ಕಿತ್ತಾಡುತ್ತಿದ್ದಾರೆ, ಅದನ್ನು ಮುಚ್ಚಿಡದೆ ನನಗೆ ಹೇಳುತ್ತಿದ್ದಾಳೆ.

ಮಗ ಬಾಯಿ ಹಾಕಿದ. "ಈ ಸಲಾನೂ ಏನೂ ಸಿಗಲಿಲ್ಲ ಅಂದ್ರೆ ಮೇಡಂ?"

"ಆಗ ಆಪರೇಷನ್ ಬಗ್ಗೆ ಕೂತು ಮಾತಾಡೋಣ. ರಕ್ತ ಹೋಗೋದು, ಮೇದೋಜೀರಕ ಊದ್ಕೊಳ್ಳೋದು, ಅಪರೂಪಕ್ಕೆ ಆಗತ್ತೆ. ಅದನ್ನೂ ಹೇಳ್ಬೇಕು ನಾನು."

ಮಗ ನನ್ನ ಮುಖ ನೋಡಿದ. ಮೊದಲನೇ ಸಲ ನನ್ನ ಹೊಟ್ಟೆಯ ವಿಷಯ ನನ್ನನ್ನು ಕೇಳುತ್ತಿದ್ದಾನೆ! "ಚುಚ್ಚು ತಾಯಿ," ಅಂದೆ. "ಕೊಯ್ಯೋದಾದ್ರೆ ಏನಂತ ಗೊತ್ತಾಗಿ ಕೊಯ್ಲಿ."

ಮತ್ತೆ ಹಸಿರು ಅಂಗಿ, ಮತ್ತೆ ಪ್ಲಾಸ್ಟಿಕ್ ಬಳೆ. ಎಚ್ಚರವಾದಾಗ ಆ ಹುಡುಗಿ ಒಂದು ಸಣ್ಣ ಶೀಶೆ ಹಿಡಿದು ತೋರಿಸಿದಳು. ತಿಳಿನೀರಿನಂಥ ಔಷಧಿಯೊಳಗೆ ಬೆಳ್ಳಗೆ, ತುಂಡು ಶಾವಿಗೆ ಹಾಗೆ ಏನೋ ತೇಲುತ್ತಿತ್ತು.

"ಸಿಕ್ತು ಅಜ್ಜಿ. ಕಣ್ಣಿಗೇ ಕಾಣ್ತಿದೆ."

ಇಷ್ಟಕ್ಕಾ ಇಷ್ಟೆಲ್ಲ ಅನ್ನಿಸಿತು. ಇಷ್ಟರಲ್ಲಿ ನಾನು ಉಳಿಯುತ್ತೇನೋ ಇಲ್ಲವೋ ಅಂತ ಬರೆದಿದೆಯಂತೆ. ಶಾವಿಗೆ ಪಾಯಸ ಅವತ್ತಿನಿಂದ ನನಗೆ ಇಳಿಯುವುದಿಲ್ಲ.

ಉತ್ತರ ಬರುವವರೆಗಿನ ದಿನಗಳಲ್ಲಿ ನಮ್ಮ ಮನೆಗೆ ಬಂದಷ್ಟು ಜನ ಮಗನ ಮದುವೆಗೂ ಬಂದಿರಲಿಲ್ಲ. 'ಅದು' ಅನ್ನುವ ಸುದ್ದಿ ಅಷ್ಟರಲ್ಲಿ ಹೊಸಕೋಟೆ ದಾಟಿತ್ತು. ಎಲ್ಲರ ಕೈಯಲ್ಲೂ ಮೂಸಂಬಿ. ಎಲ್ಲರ ಬಾಯಲ್ಲೂ ನನ್ನ ಗುಣಗಾನ, ಅದೂ ತೀರಿಹೋದವರ ಬಗ್ಗೆ ಆಡುವ ಹಾಗೆ. "ಎಂಥಾ ಗಟ್ಟಿ ಹೆಂಗ್ಸಾಗಿದ್ಲು!" ಅಂತ ನನ್ನ ಮುಂದೆಯೇ ಅಂದರು. ಸಮೇತನಹಳ್ಳಿಗೆ ಕೊಟ್ಟಿರುವ ನನ್ನ ತಂಗಿ ಬಾಗಿಲಲ್ಲೇ ಗೊಳೋ ಅಂದಳು.

"ಇನ್ನೂ ಇದ್ದೀನಿ ಕಣೇ. ಒಳಗ್ ಬಂದು ಅಳು, ಬಿಸಿಲಿದೆ," ಅಂದೆ.

ಹಗಲೆಲ್ಲ ಹೀಗೆ ಚುಚ್ಚಿ ಮಾತಾಡುತ್ತಿದ್ದೆ. ಒಬ್ಬಳೇ ಇದ್ದಾಗ ಕೈ ತಾನಾಗಿ ಎದೆಗುಂಡಿಯ ಕೆಳಗೆ ಹೋಗಿ ಗಂಟನ್ನು ಹುಡುಕುತ್ತಿತ್ತು. ಅಷ್ಟು ಒಳಗಿರುವುದು ಕೈಗೆಲ್ಲಿ ಸಿಗಬೇಕು. ಸಾಯುವುದಕ್ಕೆ ಹೆದರಿಕೆ ಇರಲಿಲ್ಲ ಅಂತ ಬರೆದರೆ ಸುಳ್ಳಾಗುತ್ತದೆ. ಹೆದರಿಕೆ ಇತ್ತು.

ಉತ್ತರಕ್ಕೆ ಮೂವರೂ ಹೋದೆವು. ಹುಡುಗಿ ಸುತ್ತಿ ಬಳಸಲಿಲ್ಲ. "ಕ್ಯಾನ್ಸರ್ ಅಲ್ಲ ಅಜ್ಜಿ. ಟೀಬಿ."

ಮೇದೋಜೀರಕದ ಪಕ್ಕದಲ್ಲಿರುವ ಸಣ್ಣ ಸಣ್ಣ ಗ್ರಂಥಿಗಳಿಗೆ ಟೀಬಿ ಹಿಡಿದು, ಅವು ಊದಿ ಒಂದಕ್ಕೊಂದು ಅಂಟಿಕೊಂಡು ಗಂಟಾಗಿದ್ದವಂತೆ. ಸ್ಕ್ಯಾನಿನಲ್ಲಿ ಅದು ಕ್ಯಾನ್ಸರಿನ ವೇಷ ಹಾಕಿಕೊಂಡೇ ಕಾಣುತ್ತದಂತೆ. ಎಳೆ ಸಿಕ್ಕಿದ್ದಕ್ಕೆ ಗುಟ್ಟು ಗೊತ್ತಾಯಿತು. ಕೊಯ್ಯುವುದು ಬೇಡ, ಮಾತ್ರೆ ಸಾಕು. ತಿಂಗಳುಗಟ್ಟಲೆ ತಗೋಬೇಕು, ಒಂದು ದಿನವೂ ಬಿಡುವ ಹಾಗಿಲ್ಲ. ಎದೆಯ ಫೋಟೋ ಚೆನ್ನಾಗಿದೆ, ಕಫದಲ್ಲಿ ಏನೂ ಇಲ್ಲ, ಯಾರಿಗೂ ಅಂಟುವುದಿಲ್ಲ.

"ಟೀಬಿನಾ ಮೇಡಂ? ನಿಜವಾಗ್ಲೂ ಟೀಬಿನಾ? ಅಯ್ಯೋ ನಿಮ್ಮ ಹೊಟ್ಟೆ ತಣ್ಣಗಿರ್ಲಿ!" ಅಂತ ಮಗ ಎದ್ದು ನಿಂತು ಕೈಮುಗಿದ. ನನ್ನ ಅವ್ವನ ಕಾಲದಲ್ಲಿ ಟೀಬಿ ಅಂದರೆ ಎದೆ ಬಡಿದುಕೊಳ್ಳುತ್ತಿದ್ದರು. ನನ್ನ ಮಗ ದಾರಿಯಲ್ಲಿ ಬೇಕರಿ ಹತ್ತಿರ ಇಳಿದು ಮೈಸೂರುಪಾಕು ತಗೊಂಡ. ತಾಯಿಗೆ ಟೀಬಿ ಬಂತು ಅಂತ ಬೀದಿಗೆಲ್ಲ ಸಿಹಿ ಹಂಚಿದ ಗಂಡಸು ನಮ್ಮ ತಾಲ್ಲೂಕಿನಲ್ಲಿ ಅವನೊಬ್ಬನೇ. ಸೊಸೆ ಮುಖ ಆಕಡೆ ತಿರುಗಿಸಿಕೊಂಡು ಸೆರಗು ಕಣ್ಣಿಗೆ ಒತ್ತಿಕೊಂಡಳು. ಏನಾಯ್ತೇ ಅಂದರೆ, ಧೂಳು ಅಂದಳು. ಏಸಿ ರೂಮಿನಲ್ಲಿ ಧೂಳು.

ಸಿಹಿ ತಿಂದವರೇ ಮಾರನೇ ದಿನದಿಂದ ನಮ್ಮ ಮನೆ ಹಾದಿ ಬಿಟ್ಟರು. ಕ್ಯಾನ್ಸರ್ ಅಂದಾಗ ಮಂಚದ ಮೇಲೆ ಕೂತು ಕೈ ಹಿಡಿದುಕೊಂಡಿದ್ದವರು, ಟೀಬಿ ಅಂದ ಮೇಲೆ ಗೇಟಿನಾಚೆಯಿಂದ ಕೂಗಿ ವಿಚಾರಿಸಿ ಹೋದರು. ಅಂಟುವುದಿಲ್ಲ ಅಂತ ಡಾಕ್ಟರು ಹೇಳಿದ್ದನ್ನು ಹೇಳಿದರೆ, "ಅವ್ರು ಹಂಗೇ ಹೇಳ್ತಾರೆ" ಅಂದರು. ಸಾಯುವವಳಾದರೆ ಎಲ್ಲರಿಗೂ ಬೇಕಾಗಿದ್ದೆ, ಬದುಕುತ್ತೇನೆ ಅಂದಿದ್ದೇ ತಪ್ಪಾಯಿತು. ತಂಗಿ ಬರಲಿಲ್ಲ, ಫೋನ್ ಮಾಡಿದಳು.

"ಅಕ್ಕಾ, ಫೋನಲ್ಲಿ ಹರಡಲ್ಲ ತಾನೇ?"

"ಸ್ಪೀಕರ್ ಹಾಕ್ಕೊಂಡಿದ್ರೆ ಮನೆಮಂದಿಗೆಲ್ಲ ಹರಡತ್ತೆ," ಅಂದೆ. ಫೋನ್ ಇಟ್ಟೇಬಿಟ್ಟಳು.

ಮಾತ್ರೆ ಸರ್ಕಾರಿ ಆಸ್ಪತ್ರೆಯಿಂದ ಬರುತ್ತದೆ, ಆಶಾ ಕಾರ್ಯಕರ್ತೆ ತಂದುಕೊಡುತ್ತಾಳೆ. ಒಂದೊಂದೂ ಹುಣಿಸೇ ಬೀಜಕ್ಕಿಂತ ದಪ್ಪ. ಉಚ್ಚೆಯೆಲ್ಲ ಕೇಸರಿ ಬಣ್ಣಕ್ಕೆ ತಿರುಗಿತು. ಮುಂಚೆಯೇ ಹೇಳಿದ್ದರು, ಆದರೂ ಮೊದಲ ದಿನ ಬಚ್ಚಲಿನಿಂದ ಕಿರುಚಿಕೊಂಡೇ ಹೊರಗೆ ಬಂದೆ. ಮೊನ್ನೆ ಸ್ಕ್ಯಾನ್ ಮಾಡಿದರು, ಗಂಟು ಅರ್ಧಕ್ಕೆ ಇಳಿದಿದೆ. ನಡುವೆ ಬಿಟ್ಟರೆ ಮತ್ತೆ ಬೆಳೆಯುತ್ತದೆ ಅಂತ ಹುಡುಗಿ ನನಗೆ ಹೇಳಲಿಲ್ಲ, ಸೊಸೆಗೆ ಹೇಳಿದಳು. ಯಾರಿಗೆ ಹೇಳಬೇಕು ಅಂತ ಅವಳಿಗೆ ಚೆನ್ನಾಗಿ ಗೊತ್ತು.

ಅಂದಿನಿಂದ ಸೊಸೆ ಬೆಳಗ್ಗೆ ಗಾರ್ಮೆಂಟ್ಸ್ ಬಸ್ಸು ಬರುವುದಕ್ಕೆ ಮುಂಚೆ ನೀರಿನ ಲೋಟ ಹಿಡಿದು ಮಂಚದ ಮುಂದೆ ನಿಲ್ಲುತ್ತಾಳೆ. ನುಂಗಿದ್ದೀನಿ ಅಂದರೆ ನಂಬುವುದಿಲ್ಲ.

"ಬಾಯಿ ತೆಗೀರಿ ಅತ್ತೆ. ನಾಲಿಗೆ ಎತ್ತಿ. ಇನ್ನೂ ಅಗಲಕ್ಕೆ."

ಈ ಮನೆಗೆ ಕಾಲಿಟ್ಟ ದಿನದಿಂದ ನಾನು ಬಾಯಿ ಮುಚ್ಚಿದರೆ ಸಾಕು ಅಂತ ಕಂಡ ಕಂಡ ದೇವರಿಗೆ ಹರಕೆ ಹೊತ್ತವಳು ಅವಳು. ಈಗ ತೆಗೀರಿ ತೆಗೀರಿ ಅಂತ ಗೋಗರೆಯುತ್ತಾಳೆ. ನಾನೂ ತೆಗೆಯುತ್ತೇನೆ, ಒಂದು ಸ್ವಲ್ಪ ಕಾಯಿಸಿ.